ಜೆಫಿರಾಂ ಹಾಕಿದ ವೋಟು

ಕೆನಡಾದ ಕೆಬೆಕ್ ಪ್ರಾಂತ್ಯದ ನಮ್ಮ ಸೇಂತ್-ಒನುಫ್ರ ಊರಿನಲ್ಲಿ ಗಾಡಿಯ ಚಕ್ರ ಮುರಿದರೂ ಜೆಫಿರಾಂ ಲ್ವಾಜೆಲ್ ಬೇಕು, ಇಗರ್ಜಿಯಲ್ಲಿ ಪೂಜೆ ಕಳೆಗಟ್ಟಬೇಕಾದರೂ ಅವನೇ ಬೇಕು. ವಾರವಿಡೀ ಬಡಗಿ, ಭಾನುವಾರ ಗಾಯನ ಮೇಳದ ಮೊದಲ ದನಿ. ಆರ್ಗನ್ ನುಡಿಸುತ್ತಿದ್ದವಳು ನಾನು. ಅವನು ಹಾಡು ಎತ್ತಿಕೊಂಡನೆಂದರೆ ಕೊನೆಯ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಿದ್ದರು.

ಭಕ್ತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜಪಮಾಲೆ ಮುಗಿಯದೆ ಆ ಮನೆಯಲ್ಲಿ ಬಟಾಣಿ ಸೂಪಿನ ಮುಚ್ಚಳ ತೆಗೆಯುತ್ತಿರಲಿಲ್ಲ. ಆದರೆ ಅವನು ಕೆಂಪು ಪಕ್ಷದವನು. ಕೆಬೆಕ್‌ನಲ್ಲಿ ಆಗ ಅದು ಸಣ್ಣ ಮಾತಲ್ಲ. ದೈವಭಕ್ತರು ನೀಲಿ ಪಕ್ಷಕ್ಕೆ ಹಾಕುತ್ತಾರೆ, ಕೆಂಪಿನವರಿಗೆ ದೇವರಿಲ್ಲ ಎಂಬುದನ್ನು ನಾವು ತಾಯಿಯ ಹಾಲಿನ ಜೊತೆಗೇ ಕುಡಿದು ಬೆಳೆದಿದ್ದೆವು.

೧೮೯೬ರ ಬೇಸಿಗೆಯಲ್ಲಿ ದೇಶದ ಚುನಾವಣೆ ಬಂತು. ಪಶ್ಚಿಮದ ಒಂದು ಪ್ರಾಂತ್ಯದಲ್ಲಿ ನಮ್ಮ ಕ್ಯಾಥೊಲಿಕ್ ಶಾಲೆಗಳಿಗೆ ಸರ್ಕಾರದ ನೆರವು ನಿಂತುಹೋಗಿತ್ತು. ಕಾನೂನು ಮಾಡಿ ಕೊಡಿಸುತ್ತೇವೆ ಎಂದರು ನೀಲಿಯವರು. ಬಲವಂತ ಬೇಡ, ಕೂತು ಮಾತಾಡಿ ಕೊಡಿಸುತ್ತೇವೆ ಎಂದರು ಕೆಂಪಿನವರು. ಕೆಂಪಿನವರ ನಾಯಕನೂ ಕ್ಯಾಥೊಲಿಕನೇ, ನಮ್ಮಂತೆ ಫ್ರೆಂಚ್ ಮನೆಮಾತಿನವನು. ಅಂಥವನೊಬ್ಬ ಕೆನಡಾಕ್ಕೆ ಪ್ರಧಾನಿಯಾದದ್ದು ಅದುವರೆಗೆ ಇರಲೇ ಇಲ್ಲ.

ನಮ್ಮ ಪಾದ್ರಿ ಫಾದರ್ ಮೈಯು ಪೀಠ ಹತ್ತಿ, ಕೆಂಪಿಗೆ ವೋಟು ಹಾಕುವುದು ಘೋರ ಪಾಪವೆಂದು ಗುಡುಗಿದರು. ಆಮೇಲೆ ಪಾಪನಿವೇದನೆಗೆ ಹೋದ ಗಂಡಸರನ್ನೆಲ್ಲ ಅದನ್ನೇ ಕೇಳತೊಡಗಿದರು. ಬಹಳ ಜನ ನೀಲಿ ಎಂದು ಮಾತು ಕೊಟ್ಟು ಬಂದರು. ಜೆಫಿರಾಂನ ಸರದಿಯಲ್ಲಿ ಒಳಗಿನ ಮಾತು ಹೊರಗೆ ಕಾಯುತ್ತಿದ್ದ ನಮಗೂ ಕೇಳಿಸಿತು. ಅವನ ದನಿಯೇ ಅಂಥದ್ದು.

"ಸ್ವಾಮಿ, ಮಾಡಿದ ಪಾಪ ಎಲ್ಲಾ ಹೇಳಿದ್ದೀನಿ. ವೋಟು ಇನ್ನೂ ಹಾಕೇ ಇಲ್ವಲ್ಲ!"

"ಯಾರಿಗೆ ಹಾಕ್ತೀಯ, ಅದು ಹೇಳು."

"ನೀಲಿಗೆ ಅಂತ ಸುಳ್ಳು ಹೇಳಿಸ್ಬೇಡಿ ಸ್ವಾಮಿ. ಸುಳ್ಳೂ ಪಾಪ ಅಂತ ಕಲಿಸಿದ್ದು ನೀವೇ."

ಅವನಿಗೆ ಪಾಪಕ್ಷಮೆ ಸಿಗಲಿಲ್ಲ. ಮುಂದಿನ ಭಾನುವಾರ ಮೇಳದಿಂದಲೂ ಇಳಿಸಿದರು. ಅವನು ಕೊನೆಯ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂತ. ಅವನ ಬಡಗಿ ಅಂಗಡಿಗೆ ಬರಲು ಜನ ಹಿಂದೆಮುಂದೆ ನೋಡಿದರು. ಅವನ ಹೆಂಡತಿ ಎಗ್ಜಿಲ್ದಾ ಒಂದು ದಿನ ಆ ಅಂಗಡಿಯಲ್ಲಿ ನನ್ನೆದುರಿಗೇ ಅತ್ತುಬಿಟ್ಟಳು.

"ನಾಳೆ ನಿನಗೇನಾದ್ರೂ ಆದ್ರೆ? ಪಾಪಕ್ಷಮೆ ಇಲ್ದೆ ಸತ್ರೆ ಪವಿತ್ರ ಮಣ್ಣೂ ಸಿಗಲ್ಲ. ಸ್ಮಶಾನದ ಬೇಲಿ ಆಚೆ ಹೂಳ್ತಾರೆ, ನಾಯಿನ ಹೂಳಿದ ಹಾಗೆ!"

"ಹಾಗಾದ್ರೆ ಚುನಾವಣೆ ಮುಗಿಯೋವರೆಗೂ ಸಾಯಲ್ಲ, ಬಿಡು."

"ತಮಾಷೆ ಮಾಡ್ಬೇಡ, ಮಾರಾಯ!"

ಜೆಫಿರಾಂ ಉಳಿ ಕೆಳಗಿಟ್ಟ. "ನಮ್ಮಪ್ಪನ ಕಾಲದಲ್ಲಿ ಎಲ್ಲರೆದುರು ನಿಂತು ಬಾಯಿಬಿಟ್ಟು ವೋಟು ಹೇಳ್ಬೇಕಿತ್ತು, ಎಗ್ಜಿಲ್ದಾ. ಅಪ್ಪ ಪಾದ್ರಿ ಮುಖ ನೋಡಿ, ಮನಸಲ್ಲಿ ಕೆಂಪಿದ್ರೂ ನೀಲಿ ಅಂದ. ಮನೆಗೆ ಬಂದು ಎಷ್ಟೋ ದಿನ ಯಾರ ಹತ್ರಾನೂ ಮಾತಾಡ್ಲಿಲ್ಲ. ಈಗ ಚೀಟಿ ಮಡಚಿ ಹಾಕ್ತೀವಿ. ಅಲ್ಲಿ ದೇವರು, ನಾನು, ಒಂದು ಪೆನ್ಸಿಲು, ಅಷ್ಟೇ. ದೇವರಿಗೆ ನಾನು ಹೆದರ್ತೀನಿ. ಅದಕ್ಕೇ ಅವನೆದುರು ಸುಳ್ಳು ಗೀಟು ಎಳೆಯಲ್ಲ."

ಮತದಾನದ ದಿನ ಎಗ್ಜಿಲ್ದಾ ಅವನ ಭಾನುವಾರದ ಅಂಗಿಗೆ ತಾನೇ ಇಸ್ತ್ರಿ ಹಾಕಿ, ಮತಗಟ್ಟೆಯಾಗಿದ್ದ ಶಾಲೆಯ ಬಾಗಿಲವರೆಗೂ ಜೊತೆಗೆ ನಡೆದಳು. ಆಗ ಹೆಂಗಸರಿಗೆ ವೋಟಿರಲಿಲ್ಲ, ಹೊರಗೇ ನಿಂತೆವು. ಎದುರಿಗೆ ಇಗರ್ಜಿಯ ಮೆಟ್ಟಿಲ ಮೇಲೆ ಫಾದರ್ ಮೈಯು ನಿಂತಿದ್ದರು. ಜೆಫಿರಾಂ ಟೋಪಿ ತೆಗೆದು ಅವರಿಗೆ ನಮಸ್ಕರಿಸಿ ಒಳಗೆ ಹೋದ.

ಸಂಜೆ ಎಣಿಕೆಯಾಯಿತು, ನಾವು ಹೆಂಗಸರು ಬಾಗಿಲಲ್ಲಿ ನಿಂತು ಕೇಳಿದೆವು. ಚೀಟಿ ಬಿಡಿಸುತ್ತಿದ್ದ ಅಧಿಕಾರಿ ಪಕ್ಕಾ ನೀಲಿಯವನು. "ಕೆಂಪು. ಕೆಂಪು. ನೀಲಿ. ಕೆಂಪು..." ಎನ್ನುತ್ತ ಹೋದಂತೆ ಅವನ ದನಿ ಇಳಿಯುತ್ತ ಬಂತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾದ್ರಿಗಳಿಗೆ ನೀಲಿ ಎಂದು ಆಣೆಯಿಟ್ಟವರೇ ಎಲ್ಲ! ಯಾರೋ ಕಿಸಕ್ಕೆಂದರು, ಮರುಕ್ಷಣ ಶಾಲೆಯ ಕಿಟಕಿಗಳು ನಡುಗುವ ಹಾಗೆ ನಗು ಎದ್ದಿತು. ಅಷ್ಟರಲ್ಲಿ ರೈಲ್ವೆ ಸ್ಟೇಷನ್ ಮಾಸ್ತರು ಏದುಸಿರು ಬಿಡುತ್ತ ಓಡಿಬಂದರು. "ತಂತಿ ಬಂತು! ಕೆಬೆಕ್ ಪೂರ್ತಿ ಕೆಂಪು! ದೇಶ ನಮ್ಮವನಿಗೇ ಸಿಕ್ತು!" ಎಗ್ಜಿಲ್ದಾ ನನ್ನನ್ನು ಬಾಚಿ ತಬ್ಬಿಕೊಂಡಳು.

ಮರುದಿನ ಸಂತ ಸ್ನಾನಿಕ ಯೋವಾನ್ನರ ಹಬ್ಬ, ನಮ್ಮ ಫ್ರೆಂಚ್ ಜನರಿಗೆಲ್ಲ ವರ್ಷದ ದೊಡ್ಡ ಹಬ್ಬ. ಇಗರ್ಜಿ ಕಿಕ್ಕಿರಿದಿತ್ತು. ನಾನು ಆರ್ಗನ್ ನುಡಿಸಿದೆ, ಮೇಳ ಹಾಡಲಿಲ್ಲ. ಇನ್ನೊಮ್ಮೆ ನುಡಿಸಿದೆ. ಯಾರೂ ಬಾಯಿ ತೆರೆಯಲಿಲ್ಲ. ಕಡೆಗೆ ಮೇಳದ ಹಿರಿಯ ಒನೆಜಿಮ್ ನಾವಿದ್ದ ಮೇಳದ ಅಟ್ಟದಿಂದ ಬಗ್ಗಿ, "ಮೊದಲ ದನಿ ಇಲ್ದೆ ನಮಗೆ ಎತ್ಕೊಳ್ಳೋಕೆ ಬರಲ್ಲ ಸ್ವಾಮಿ," ಎಂದ.

ಫಾದರ್ ಮೈಯು ನಿಧಾನವಾಗಿ ಜನರ ಕಡೆ ತಿರುಗಿದರು. ಈಗ ಸಿಡಿಲು ಬಿತ್ತು ಎಂದುಕೊಂಡೆ. ಆದರೆ ಯಾರನ್ನು ಅವರು ದೇವರಿಲ್ಲದವರು ಎಂದಿದ್ದರೋ ಆ ಜನರೆಲ್ಲ ಜಪಮಾಲೆ ಹಿಡಿದು ಮೊಣಕಾಲೂರಿದ್ದರು. ಫಾದರ್ ಆ ಕೈಗಳನ್ನೇ ನೋಡಿದರು. "ಲ್ವಾಜೆಲ್, ಎಷ್ಟು ಹೊತ್ತು ಅಲ್ಲೇ ಕೂತಿರ್ತೀಯ? ಮೇಲೆ ಹೋಗು," ಎಂದರು.

ಜೆಫಿರಾಂ ಅಟ್ಟ ಹತ್ತಿ ದನಿ ಎತ್ತಿದ. ಮೇಳ ಸೇರಿತು, ಬೆಂಚುಗಳು ಸೇರಿದವು, ಎಂದೂ ಹಾಡದ ಮುದುಕಿಯರೂ ಸೇರಿದರು. ನನ್ನ ಆರ್ಗನ್ ನನಗೇ ಕೇಳಿಸಲಿಲ್ಲ.

ಪೂಜೆ ಮುಗಿದ ಮೇಲೆ ಪಾದ್ರಿಗಳು ಅವನನ್ನು ಬಾಗಿಲಲ್ಲಿ ತಡೆದರು. "ನನ್ನ ಮಾತು ಕೇಳ್ಲಿಲ್ಲ ನೀನು."

"ಕೇಳಿದೆ ಸ್ವಾಮಿ. ಕೇಳಿ, ಪ್ರಾರ್ಥನೆ ಮಾಡಿ, ಆಮೇಲೇ ಹಾಕಿದೆ."

"ಶನಿವಾರ ನಿವೇದನೆಗೆ ಬಾ. ವೋಟಿನ ಮಾತು ಎತ್ತಲ್ಲ."

ಮೇಪಲ್ ಕೊಂಬೆ ಹಿಡಿದ ಹಬ್ಬದ ಮೆರವಣಿಗೆ ಹೊರಟಿತು. ಎಗ್ಜಿಲ್ದಾ ಗಂಡನ ತೋಳು ಹಿಡಿದು ಬೀದಿಯ ನಟ್ಟನಡುವೆ ತಲೆಯೆತ್ತಿ ನಡೆದಳು. ಪಕ್ಕದಲ್ಲಿದ್ದ ನಾನು ಕೆಣಕಿದೆ: "ಹೆಂಗಸರಿಗೂ ಚೀಟಿ ಕೊಟ್ರೆ ನೀನು ಯಾರಿಗೆ ಹಾಕ್ತೀಯೇ?"

"ನಿನಗ್ಯಾಕೆ ಹೇಳ್ಲಿ?" ಎಂದು ಅವಳು ಗಟ್ಟಿಯಾಗಿ ನಕ್ಕಳು.