ಹಸಿರು ಬಾವುಟಕ್ಕೆ ಕಟ್ಟಿದ ದಾರ

ಗುರುವಾರದ ದನದ ಸಂತೆಯಲ್ಲಿ ಹರಾಜು ನಡೆಯುವುದು ಕಟಕಟೆಯ ಒಳಗೆ. ಜಗಳ ನಡೆಯುವುದು ಮಾತ್ರ ಪಕ್ಕದ ಕ್ಯಾಂಟೀನಿನಲ್ಲಿ. ಅಲ್ಲಿ ಬ್ರೀಜ್ ಮೆಕೋನ್ ಎಂಬ ಗಟ್ಟಿಗಿತ್ತಿ ಹಂದಿಮಾಂಸ, ಎಲೆಕೋಸು, ಹಿಸುಕಿದ ಆಲೂಗಡ್ಡೆ ಬಡಿಸುತ್ತ ಇಪ್ಪತ್ತು ವರ್ಷದಿಂದ ಒಂದೇ ವಾದವನ್ನು ಕೇಳಿಸಿಕೊಳ್ಳುತ್ತಿದ್ದಾಳೆ. ನಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಫುಟ್‌ಬಾಲ್ ತಂಡ ಈ ಸಲವಾದರೂ ಲೀಗಿನ ನಾಲ್ಕನೇ ದರ್ಜೆಯಿಂದ ಮೇಲೇರುತ್ತದೋ ಇಲ್ಲವೋ? ಫೆಬ್ರವರಿಯಲ್ಲಿ ಎರಡು ಪಂದ್ಯ ಗೆದ್ದರೆ ಸಾಕು, ನಮ್ಮವರು ಮೂರನೇ ದರ್ಜೆಯಲ್ಲಿ ಯಾರ ಮೇಲೆ ಆಡಬೇಕೆಂದು ಲೆಕ್ಕ ಹಾಕಿಬಿಡುತ್ತಾರೆ. ಮಾರ್ಚಿನಲ್ಲಿ ಸೋತ ಮೇಲೆ ತರಬೇತುದಾರನ ಜನ್ಮ ಜಾಲಾಡುತ್ತಾರೆ. ಬುದ್ಧಿ ಬಂದವರು ಯಾರೂ ಆ ಮೇಜಿನ ಹತ್ತಿರ ಕೂರುವುದಿಲ್ಲ. ನಾನು ಪ್ರತಿ ವಾರ ಕೂರುತ್ತೇನೆ.

ಆ ಮೇಜಿನ ಮೂಲೆಯಲ್ಲಿ ಅತಿ ಕಡಿಮೆ ಮಾತಾಡುವವನು ಫೆಲಿಮ್ ಗಿಲ್‌ರೇನ್. ಅರವತ್ತಮೂರು ವರ್ಷ, ಹದಿನೆಂಟು ಹಸು, ಬೆಳಗ್ಗೆ ಸಂಜೆ ಶಾಲೆಯ ಬಸ್ಸು ಓಡಿಸುವ ಕೆಲಸ. ಮಾತು ಕಡಿಮೆಯಾದರೂ ಅವನಿಗೆ ಅಲ್ಲಿ ಒಂದು ತೂಕವಿತ್ತು. ಏಕೆಂದರೆ ಉಳಿದವರೆಲ್ಲ ಆಟವನ್ನು ಬೇಲಿಯ ಹೊರಗಿನಿಂದ ನೋಡಿದವರು. ಫೆಲಿಮ್ ಮಾತ್ರ ಇಪ್ಪತ್ತೆರಡು ವರ್ಷ ಬಿಳಿ ಕೋಟು ತೊಟ್ಟು ಗೋಲುಕಂಬದ ಪಕ್ಕದಲ್ಲಿ ನಿಂತವನು.

ಗೇಲಿಕ್ ಫುಟ್‌ಬಾಲಿನಲ್ಲಿ ಅಂಪೈರುಗಳನ್ನು ಯಾವ ಕಚೇರಿಯೂ ನೇಮಿಸುವುದಿಲ್ಲ. ರೆಫರಿ ತನ್ನ ನಾಲ್ಕು ಜನರನ್ನು ತಾನೇ ಕರೆದುಕೊಂಡು ಬರುತ್ತಾನೆ. ಭಾವಮೈದುನ, ನೆರೆಯವ, ಒಟ್ಟಿಗೆ ಶಾಲೆಗೆ ಹೋದವ, ಹೀಗೆ. ಒಂದೇ ಕಾರಿನಲ್ಲಿ ಹೋಗಿ, ಒಟ್ಟಿಗೆ ಬೈಸಿಕೊಂಡು, ವಾಪಸು ಬರುವಾಗ ಒಟ್ಟಿಗೆ ಊಟ ಮಾಡಿ ಬರುತ್ತಾರೆ. ಫೆಲಿಮ್ ಹೋಗುತ್ತಿದ್ದದ್ದು ಉಲ್ತಾನ್ ಕೀನಿಯ ಜೊತೆ. ಇಬ್ಬರ ಹೊಲಕ್ಕೂ ನಡುವೆ ಒಂದೇ ಬೇಲಿ. ಉಲ್ತಾನ್ ಕಟ್ಟುನಿಟ್ಟಿನ ರೆಫರಿ, ಮುಖ ಗಂಟುಹಾಕಿಕೊಂಡೇ ಹುಟ್ಟಿದವನು. ಆದರೆ ಪಂದ್ಯಕ್ಕೆ ಮುಂಚೆ ನಾಲ್ವರ ಬಿಳಿ ಕೋಟುಗಳನ್ನೂ ತಾನೇ ಇಸ್ತ್ರಿ ಮಾಡಿಸಿ ತರುತ್ತಿದ್ದ.

ಒಂದೊಂದು ಗೋಲಿನ ಎರಡು ಕಂಬಗಳಿಗೆ ಇಬ್ಬರು. ಚೆಂಡು ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟು, ಆಚೆ ಕಂಬದ ಟಾರ್ಲಾಕ್ ಬಿಳಿ ಬಾವುಟ ಎತ್ತುತ್ತಿದ್ದ. ಪಟ್ಟಿಯ ಕೆಳಗೆ ಹೋದರೆ ಗೋಲು, ಈಚೆ ಕಂಬದ ಫೆಲಿಮ್ ಹಸಿರು ಬಾವುಟ ಎತ್ತುತ್ತಿದ್ದ. ಕಂಬದ ಹೊರಗೆ ಹೋದರೆ ಬಾವುಟವೇ ಬೇಡ, ಎರಡು ಕೈಗಳನ್ನು ತಲೆಯ ಮೇಲೆ ಕತ್ತರಿಯಂತೆ ಆಡಿಸಿದರೆ ಮುಗಿಯಿತು. ಚೆಂಡು ಯಾರ ಕಂಬದ ಹತ್ತಿರ ಹೋಯಿತೋ ಅವನ ಮಾತೇ ಕೊನೆ, ಇನ್ನೊಬ್ಬ ಬಾಯಿ ಹಾಕುವಂತಿಲ್ಲ.

ಇಷ್ಟು ಸರಳವಾಗಿದ್ದ ಕೆಲಸದಲ್ಲಿ ಫೆಲಿಮ್ ಇಪ್ಪತ್ತು ವರ್ಷ ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಕಳೆದ. ಅವನಿಗೆ ಹಸಿರು, ಕೆಂಪು, ಕಿತ್ತಳೆ ಎಲ್ಲ ಒಂದೇ. ಏಳನೇ ವಯಸ್ಸಿನಲ್ಲಿ ಚಿತ್ರದ ಹುಲ್ಲಿಗೆ ಕೆಂಪು ಬಣ್ಣ ಬಳಿದಾಗ ಇಡೀ ತರಗತಿ ನಕ್ಕಿತ್ತು. ಆ ನಗುವಿನ ನಂತರ ಯಾರಿಗೂ ಹೇಳಿಕೊಳ್ಳಲಿಲ್ಲ. ಟೊಮೆಟೊ ಹಣ್ಣಾಯಿತೋ ಇಲ್ಲವೋ ಎಂದು ಹೇಳುವುದು ಹೆಂಡತಿ ಅಟ್ರಾಕ್ಟಾಳ ಕೆಲಸ. ಅವಳೊಬ್ಬಳಿಗೇ ಗೊತ್ತು ಎಂದು ಅವನು ತಿಳಿದಿದ್ದ. ಕಂಬದ ಬುಡದಲ್ಲಿ ಇದ್ದದ್ದು ಒಂದೇ ಬಾವುಟವಾದ್ದರಿಂದ ಅದರ ಬಣ್ಣ ಕಟ್ಟಿಕೊಂಡು ಅವನಿಗೇನೂ ಆಗಬೇಕಿರಲಿಲ್ಲ.

ಆಮೇಲೆ ಹೊಸ ನಿಯಮಗಳು ಬಂದವು. ಗೋಲಿನಿಂದ ನಲವತ್ತು ಮೀಟರಿಗೆ ಒಂದು ಕಮಾನುಗೆರೆ ಎಳೆದರು. ಅದರ ಆಚೆಯಿಂದ ಒದ್ದು ಪಟ್ಟಿಯ ಮೇಲೆ ಹಾರಿಸಿದರೆ ಒಂದಲ್ಲ, ಎರಡು ಪಾಯಿಂಟು. ಎರಡೂ ತಂಡದವರು ಮೂರು ಮೂರು ಜನರನ್ನು ಎದುರಾಳಿಯ ಅರ್ಧದಲ್ಲೇ ಬಿಟ್ಟಿರಬೇಕು. ರೆಫರಿಗೆ ಎದುರು ಮಾತಾಡಿದರೆ ಚೆಂಡು ಐವತ್ತು ಮೀಟರು ಮುಂದೆ. ಕ್ಯಾಂಟೀನಿನಲ್ಲಿ ಇದರ ಮೇಲೆ ಒಂದು ಚಳಿಗಾಲ ಪೂರ್ತಿ ಯುದ್ಧ ನಡೆಯಿತು. ಆಟಕ್ಕೆ ಮತ್ತೆ ಜೀವ ಬಂತು ಎಂದರು ಅರ್ಧ ಜನ. ಡ್ರಮ್‌ಕೀಲ್ ಕ್ಲಬ್ಬಿನ ಪ್ಯಾಕಿ ಬೋಹನ್, ಎಂದೂ ತೆಗೆಯದ ಹಳೇ ಟೋಪಿಯನ್ನು ಹಣೆಗೆ ಎಳೆದುಕೊಂಡು, ಇದು ಫುಟ್‌ಬಾಲೂ ಅಲ್ಲ ಸರ್ಕಸ್ಸೂ ಅಲ್ಲ ಎಂದ. ಪ್ಯಾಕಿ ಬರೀ ಬಾಯಿಬಡುಕನಲ್ಲ, ಕೌಂಟಿ ಸಮಿತಿಯಲ್ಲಿ ಅವನ ಕ್ಲಬ್ಬಿನ ಪ್ರತಿನಿಧಿ. ಅಲ್ಲಿ ಅವನ ಮಾತು ನಡೆಯುತ್ತದೆ.

ಎರಡು ಪಾಯಿಂಟಿಗೆ ಬೇರೆ ಬಾವುಟ ಬೇಕಲ್ಲ? ಕಿತ್ತಳೆ ಬಣ್ಣದ್ದು ಬಂತು. ಅದನ್ನು ತಂದು ಹಸಿರಿನ ಪಕ್ಕದಲ್ಲೇ, ಫೆಲಿಮನ ಕಂಬದ ಬುಡದಲ್ಲೇ ಇಟ್ಟರು.

ಆಗಲೇ ಅವನು ಹೇಳಿಬಿಡಬಹುದಿತ್ತು. ಟಾರ್ಲಾಕನ ಜೊತೆ ಕಂಬ ಬದಲಿಸಿಕೊಂಡಿದ್ದರೂ ಸಾಕಿತ್ತು. ಹೇಳಲಿಲ್ಲ. ಹುಲ್ಲಿನ ಪಿಂಡಿ ಕಟ್ಟುವ ನೀಲಿ ದಾರವನ್ನು ಒಂದು ಗೇಣು ಕತ್ತರಿಸಿ, ಹಸಿರು ಬಾವುಟದ ಕೋಲಿಗೆ ಹಿಡಿಯುವ ಜಾಗದಲ್ಲಿ ಸುತ್ತಿಕೊಂಡ. ಕೈ ಜಾರಬಾರದು ಅಂತ, ಎಂದ. ದಾರ ತಗಲಿದರೆ ಗೋಲು, ತಗಲದಿದ್ದರೆ ಎರಡು ಪಾಯಿಂಟು. ಬೇಸಿಗೆಯೆಲ್ಲ ಬೆರಳುಗಳೇ ಅವನ ಕಣ್ಣಾದವು.

ಕಳೆದ ಅಕ್ಟೋಬರಿನಲ್ಲಿ ಕೌಂಟಿಯ ಎರಡನೇ ದರ್ಜೆಯ ಫೈನಲ್ಲು, ಡ್ರಮ್‌ಕೀಲ್‌ಗೂ ಗ್ಲಾಸ್‌ಡರ್ರಿಗೂ. ರೆಫರಿ ಉಲ್ತಾನ್. ಮಳೆ ಬಿಡದೆ ಸುರಿದಿತ್ತು, ಗೋಲಿನ ಬಾಯಿ ಕೆಸರಗದ್ದೆಯಾಗಿತ್ತು. ಕೊನೆಯ ನಿಮಿಷದಲ್ಲಿ ಡ್ರಮ್‌ಕೀಲ್ ಒಂದು ಪಾಯಿಂಟು ಹಿಂದೆ. ಪ್ಯಾಕಿಯ ತಂಗಿಯ ಮಗ ಫೀಕ್ರಾನಿಗೆ ಕಮಾನುಗೆರೆಯ ಆಚೆ ಚೆಂಡು ಸಿಕ್ಕಿತು. ಉಲ್ತಾನ್ ಕೈ ಎತ್ತಿದ. ಹೋದರೆ ಎರಡು ಎಂಬ ಸನ್ನೆ. ಹೋದರೆ ಡ್ರಮ್‌ಕೀಲ್ ಗೆದ್ದಂತೆ.

ಫೆಲಿಮನ ಕೈ ಕೆಳಗಿನ ಕೋಲುಗಳ ಕಡೆ ಹೋಯಿತು. ಮೊದಲನೆಯದರಲ್ಲಿ ದಾರವಿಲ್ಲ. ಎರಡನೆಯದರಲ್ಲೂ ಇಲ್ಲ. ಮಳೆಗೆ ಬಿಚ್ಚಿಕೊಂಡು ಎಲ್ಲೋ ಕೆಸರಿನಲ್ಲಿ ಸೇರಿಹೋಗಿತ್ತು. ಅವನು ಬಗ್ಗಿ ನೋಡಿದ. ಒಂದೇ ಬಣ್ಣದ ಎರಡು ಬಾವುಟಗಳು ಕೆಸರಿನಲ್ಲಿ ಬಿದ್ದಿದ್ದವು. ಮೇಲೆ ಜನ ಅರಚಿದರು. ತಲೆ ಎತ್ತುವಷ್ಟರಲ್ಲಿ ಚೆಂಡು ಗೋಲಿನ ಹಿಂದೆ, ಹೊರಹೋದ ಚೆಂಡು ತಡೆಯಲು ಕಟ್ಟಿದ ಎತ್ತರದ ಬಲೆಯಲ್ಲಿತ್ತು.

ಒಂದು ಕಡೆಯವರು ಹೋಯಿತು ಎನ್ನುತ್ತಿದ್ದರು, ಇನ್ನೊಂದು ಕಡೆಯವರು ಇಲ್ಲ ಎನ್ನುತ್ತಿದ್ದರು. ಚೆಂಡು ಹೋದದ್ದು ಅವನ ಕಂಬದ ಹತ್ತಿರ. ಟಾರ್ಲಾಕ್ ಆಚೆಯಿಂದ ಇವನನ್ನೇ ನೋಡುತ್ತಿದ್ದ. ಬಾವುಟ ಎತ್ತಬೇಕಾದರೆ ಯಾವುದನ್ನು? ಬಾವುಟ ಬೇಡದ ಸನ್ನೆ ಒಂದೇ ಇತ್ತು. ಫೆಲಿಮ್ ಎರಡೂ ಕೈಗಳನ್ನು ತಲೆಯ ಮೇಲೆ ಕತ್ತರಿಯಾಡಿಸಿದ.

ಉಲ್ತಾನ್ ಓಡಿ ಬಂದು ತೀರ ಹತ್ತಿರ ನಿಂತು ಕೇಳಿದ. "ಫೆಲಿಮ್, ನೋಡಿದ್ಯಾ?"

"ನೋಡ್ದೆ. ಆಚೆ ಹೋಯ್ತು."

ಉಲ್ತಾನ್ ಸೀಟಿ ಊದಿದ.

ಅದೇ ಸಂಜೆ ಯಾರದೋ ಫೋನಿನ ಚಿತ್ರ ಊರೆಲ್ಲ ಓಡಾಡಿತು. ಚೆಂಡು ಕಂಬದ ಒಳಗೆ ಒಂದು ಮೊಳ ಜಾಗ ಬಿಟ್ಟು ಹೋಗಿತ್ತು. ಉಲ್ತಾನ್ ತನ್ನ ವರದಿಯಲ್ಲಿ ತೀರ್ಮಾನ ತನ್ನದೇ ಎಂದು ಬರೆದ. ಅಂಪೈರನ ಹೆಸರು ಬರೆಯಲಿಲ್ಲ. ಪಂದ್ಯ ಮುಗಿದ ಮೇಲೆ ಜನ ಅಂಪೈರನನ್ನು ಬೈಯುವುದೂ ಇಲ್ಲ. ಕೋಟು ತೊಟ್ಟ ಮುದುಕರ ಮುಖ ಯಾರಿಗೆ ನೆನಪಿರುತ್ತದೆ? ಉಲ್ತಾನನ ಹೆಂಡತಿಯ ಅಜ್ಜಿ ಗ್ಲಾಸ್‌ಡರ್ರಿಯವಳೆಂದು ಪ್ಯಾಕಿ ಕಂಡುಹಿಡಿದ. ಗೋರಿಯಲ್ಲಿ ಮಲಗಿ ಐವತ್ತು ವರ್ಷವಾದ ಆ ಮುದುಕಿಯೇ ಪಂದ್ಯ ಗೆಲ್ಲಿಸಿದಳು ಎನ್ನುವಂತೆ ಮಾತಾಡಿದರು. ಉಲ್ತಾನನಿಗೆ ಮತ್ತೆ ಪಂದ್ಯ ಸಿಗಲಿಲ್ಲ. ಅವನು ಸಂತೆಗೆ ಬರುವುದನ್ನೂ ಬಿಟ್ಟ.

ಫೆಲಿಮ್ ಬರುತ್ತಲೇ ಇದ್ದ, ಉಣ್ಣುತ್ತಲೇ ಇದ್ದ. ಒಂದು ಸಲ ಯಾರೋ ನೇರವಾಗಿ, ನೀನು ಅಲ್ಲೇ ಇದ್ದೆಯಲ್ಲ, ಏನು ಕಂಡೆ ಎಂದು ಕೇಳಿದರು. "ರೆಫರಿ ತೀರ್ಮಾನ ಕಣಪ್ಪಾ, ನಾವೇನ್ ಮಾಡಕ್ಕಾಗುತ್ತೆ" ಎಂದುಬಿಟ್ಟ. ಆ ಮಾತು ಬಾಯಿಂದ ಬಿದ್ದ ದಿನದಿಂದ ಅವನಿಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಬೆಳಗ್ಗೆ ಬೇಲಿಯಾಚೆ ಉಲ್ತಾನ್ ಕಂಡರೆ ಕೊಟ್ಟಿಗೆಯೊಳಗೆ ನುಸುಳುತ್ತಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಈ ಫೆಬ್ರವರಿಯ ಒಂದು ಗುರುವಾರ ಮೇಜಿನ ಸುತ್ತ ಎಂದಿನ ಗದ್ದಲ. ನಮ್ಮ ಕೌಂಟಿ ಲೀಗಿನ ಮೊದಲ ಎರಡೂ ಪಂದ್ಯ ಗೆದ್ದಿತ್ತು, ಒಂದನ್ನು ಎರಡು ಪಾಯಿಂಟಿನ ಒದೆತದಿಂದಲೇ. ಹೊಸ ನಿಯಮಕ್ಕೆ ಬೈಯುತ್ತಿದ್ದ ಪ್ಯಾಕಿ ಈಗ ಅದು ತನ್ನದೇ ಸಲಹೆ ಎನ್ನುವಷ್ಟು ಬದಲಾಗಿದ್ದ. ಆಮೇಲೆ ಮಾತು ರೆಫರಿಗಳ ಕಡೆ ಹೊರಳಿತು. ಈ ವರ್ಷದ ರೆಫರಿಗಳ ಪಟ್ಟಿ ಶನಿವಾರ ಅಖೈರಾಗುತ್ತದೆ, ಕೀನಿಯ ಹೆಸರು ಅದರಲ್ಲಿರಕೂಡದೆಂದು ತಾನೇ ಎದ್ದು ಹೇಳುತ್ತೇನೆ ಎಂದ ಪ್ಯಾಕಿ. ಒಮ್ಮೆ ಪಟ್ಟಿಯಿಂದ ಬಿದ್ದ ಐವತ್ತೇಳರ ರೆಫರಿಯನ್ನು ಮತ್ತೆ ಯಾರೂ ಕರೆಯುವುದಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡು ಉಲ್ತಾನನೇ ಒಳಗೆ ಬಂದ. ಎರಡು ಕರು ಮಾರಲು ಬಂದಿದ್ದನಂತೆ. ಯಾರ ಮುಖವನ್ನೂ ನೋಡದೆ ಬ್ರೀಜಳ ಹತ್ತಿರ ಚಹಾ ಕೇಳಿದ.

"ನೋಡ್ಕೊಂಡು ಬಗ್ಗಿಸಮ್ಮಾ ಬ್ರೀಜ್," ಎಂದ ಪ್ಯಾಕಿ. "ಲೋಟದೊಳಗೆ ಬಿದ್ರೂ ಆಚೆ ಹೋಯ್ತು ಅಂತಾನೆ."

ಮೇಜು ನಕ್ಕಿತು. ಉಲ್ತಾನ್ ಚಹಾಕ್ಕೆ ಹಾಲು ಬೆರೆಸಿಕೊಂಡ. ಅವನ ಕಿವಿ ಕೆಂಪೇರಿದ್ದು ಎಲ್ಲರಿಗೂ ಕಂಡಿತು, ಫೆಲಿಮನೊಬ್ಬನನ್ನು ಬಿಟ್ಟು. ಅವನಿಗೆ ಆ ಬಣ್ಣ ಕಾಣುವುದಿಲ್ಲ. ಆದರೆ ಹಾಲು ಬೆರೆತ ಮೇಲೂ ಚಮಚ ಲೋಟಕ್ಕೆ ತಗಲಿ ಟಿಕಟಿಕ ಎನ್ನುತ್ತಲೇ ಇದ್ದದ್ದು ಕೇಳಿಸಿತು.

ಫೆಲಿಮ್ ತಟ್ಟೆ ಸರಿಸಿದ. "ಪ್ಯಾಕಿ, ನಿನ್ನ ಟೋಪಿ ಯಾವ ಬಣ್ಣ?"

"ಯಾಕೋ, ಕುಡಿದಿದ್ಯಾ?"

"ಒಂಬತ್ತು ವರ್ಷದಿಂದ ಎದುರಿಗೇ ಕೂತಿದೀನಿ. ಹಸಿರೋ ಕೆಂಪೋ ನಂಗೊತ್ತಿಲ್ಲ. ನಂಗೆ ಬಣ್ಣ ಕಾಣಲ್ಲ."

ಆಮೇಲೆ ಒಂದೇ ಉಸಿರಿಗೆ ಹೇಳಿದ. ಹುಲ್ಲಿಗೆ ಬಳಿದ ಕೆಂಪು, ನೀಲಿ ದಾರ, ಕೆಸರಿನಲ್ಲಿ ಬಿದ್ದ ಎರಡು ಬಾವುಟ. ಗಲಿಬಿಲಿಯಲ್ಲಿ ತಪ್ಪು ತೀರ್ಮಾನ ಕೊಟ್ಟವನು ತಾನು, ಉಲ್ತಾನ್ ಅಲ್ಲ ಎಂದ.

ಯಾರೋ ಕಿಸಕ್ಕೆಂದರು, ಎಲ್ಲರೂ ನಕ್ಕರು. ಆದರೆ ಅದು ಏಳನೇ ವಯಸ್ಸಿನ ನಗುವಲ್ಲ, ಪ್ರೀತಿಯ ನಗು. ಸಾಸಿನ ಬಾಟಲಿಗಳನ್ನು ಅವನ ಮುಂದೆ ಸಾಲಾಗಿ ಇಟ್ಟು ಪರೀಕ್ಷೆ ಮಾಡಿದರು. ಒಬ್ಬ ತನ್ನ ಚಿಕ್ಕಪ್ಪ ಅದೇ ರೋಗದಿಂದ ಸಾವಿನ ಮನೆಗೆ ಕೆಂಪು ಟೈ ಕಟ್ಟಿಕೊಂಡು ಹೋದ ಕಥೆ ತೆಗೆದ. ಪ್ಯಾಕಿ ತಲೆ ಕೊಡವಿ, "ಅಯ್ಯೋ ಬಡಪಾಯಿ, ಬಾಯಿಬಿಟ್ಟು ಹೇಳಬಾರದಿತ್ತೇನೋ" ಎಂದ. ಬ್ರೀಜ್ ಸೇಬಿನ ಟಾರ್ಟಿನ ದೊಡ್ಡ ತುಂಡಿಗೆ ಕಸ್ಟರ್ಡ್ ಸುರಿದು ಮುಂದಿಟ್ಟಳು. ನಾಲ್ಕು ತಿಂಗಳ ಮೇಲೆ ಫೆಲಿಮನ ಎದೆ ಹಗುರವಾಯಿತು. ಅವನು ಉಲ್ತಾನನ ಕಡೆ ತಿರುಗಿದ.

ಉಲ್ತಾನ್ ಅರ್ಧ ಕುಡಿದ ಲೋಟವನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋಗುತ್ತಿದ್ದ.

ಫೆಲಿಮ್ ಅಂಗಳದಲ್ಲಿ ಅವನನ್ನು ಹಿಡಿದ. ಕರು ತಂದ ಗಾಡಿಯ ಹಿಂಬಾಗಿಲನ್ನು ಉಲ್ತಾನ್ ಮುಚ್ಚುತ್ತಿದ್ದ.

"ಹೇಳ್ಬಿಟ್ಟೆ ಮಾರಾಯ," ಎಂದ ಫೆಲಿಮ್. "ಮೊದಲೇ ಹೇಳ್ಬೇಕಿತ್ತು."

"ಬಣ್ಣದ ವಿಷಯ ನಂಗೆ ಹದಿನೈದು ವರ್ಷದಿಂದ ಗೊತ್ತು," ಎಂದ ಉಲ್ತಾನ್. "ನನ್ನ ಹಸಿರು ಟ್ರ್ಯಾಕ್ಟರ್ ನೋಡಿ ನೀನು ಕೆಂಪು ಚೆನ್ನಾಗಿದೆ ಅಂದಿದ್ದೆ. ಆ ದಾರ ಬೇಸಿಗೇಲಿ ಮೂರು ಸಲ ಸಡಿಲ ಆಗಿತ್ತು. ಬಿಗಿ ಮಾಡಿದ್ದು ಯಾರು ಅಂದ್ಕೊಂಡೆ?"

ಉಲ್ತಾನ್ ಹಿಂಬಾಗಿಲನ್ನು ಭುಜ ಕೊಟ್ಟು ಒತ್ತಿದ.

"ನಾನವತ್ತು ಬಣ್ಣ ಕೇಳಲಿಲ್ಲ ಫೆಲಿಮ್. ನೋಡಿದ್ಯಾ ಅಂತ ಕೇಳ್ದೆ. ಇಲ್ಲ ಅಂದಿದ್ರೆ ಟಾರ್ಲಾಕನ್ನ ಕೇಳ್ತಿದ್ದೆ. ಅವನು ನೋಡಿದ್ದ. ನೀನು ನೋಡ್ದೆ ಅಂದೆ, ನಿನ್ನ ಮಾತು ಅಂತ ಸೀಟಿ ಊದಿದೆ." ಅವನು ಅಗುಳಿ ಹಾಕಿದ. "ಒಳಗೆ ಟಾರ್ಟ್ ಆರುತ್ತೆ, ಹೋಗು."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಫೆಲಿಮ್ ಅಂಗಳದಲ್ಲಿ ನಿಂತಲ್ಲೇ ನಾಚಿಕೆಯಿಂದ ಕುಗ್ಗಿಹೋದ. ಅವನು ಒಳಗೆ ಒಪ್ಪಿಕೊಂಡದ್ದು ತನ್ನ ಕಣ್ಣಿನ ತಪ್ಪನ್ನು. ನಾಲಿಗೆಯ ತಪ್ಪನ್ನು ಮುಚ್ಚಿಟ್ಟು, ಅಯ್ಯೋ ಪಾಪ ಎನ್ನಿಸಿಕೊಂಡು, ಸಿಹಿ ತಿನ್ನಲು ಕೂತಿದ್ದ. ಉಲ್ತಾನನಿಗೆ ಈಗ ಇನ್ನೊಂದು ಹೆಸರೂ ಬಂದಿತ್ತು. ಬಣ್ಣ ಕಾಣದವನನ್ನು ಕಂಬಕ್ಕೆ ನಿಲ್ಲಿಸಿದ ರೆಫರಿ.

ಅವನು ತಿರುಗಿ ಒಳಗೆ ಹೋದ. ಮೇಜಿನಲ್ಲಿ ಅದೇ ಮಾತು ನಡೆಯುತ್ತಿತ್ತು; ತನ್ನ ಅಂಪೈರನ ಕಣ್ಣು ಗೊತ್ತಿಲ್ಲದವನು ಎಂಥ ರೆಫರಿ ಎಂದು ಯಾರೋ ಕೇಳುತ್ತಿದ್ದರು. ಫೆಲಿಮ್ ಕೂರಲಿಲ್ಲ.

"ಇನ್ನೊಂದಿದೆ," ಎಂದ. "ಚೆಂಡು ಹೋಗಿದ್ದನ್ನ ನಾನು ನೋಡ್ಲೇ ಇಲ್ಲ. ಕೆಳಗೆ ನೋಡ್ತಿದ್ದೆ. ಉಲ್ತಾನ್ ಬಂದು ನೋಡಿದ್ಯಾ ಅಂತ ಕೇಳ್ದ. ನೋಡ್ದೆ ಅಂತ ಸುಳ್ಳು ಹೇಳ್ದೆ. ಆಚೆ ಹೋಯ್ತು ಅಂದ್ರೆ ಬಾವುಟ ಎತ್ತೋದು ಬೇಕಾಗಿರಲಿಲ್ಲ, ಅದಕ್ಕೆ."

ಈ ಸಲ ಯಾರೂ ನಗಲಿಲ್ಲ. ಫೀಕ್ರಾ ಆ ಸೋಲಿನ ಮೇಲೆ ಮತ್ತೆ ಬೂಟು ಕಟ್ಟಿಲ್ಲವೆಂಬುದು ಆ ಮೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬ್ರೀಜ್ ಬಟ್ಟೆಯಿಂದ ಒಂದೇ ಜಾಗವನ್ನು ಒರೆಸುತ್ತ ನಿಂತಳು. ಪ್ಯಾಕಿ ಫೆಲಿಮನನ್ನು ತುಂಬ ಹೊತ್ತು ನೋಡಿದ. ಕೊನೆಗೆ ಎದ್ದ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಫೆಲಿಮನನ್ನು ದಾಟಿಕೊಂಡು ಹೊರಗೆ ಹೋದ.

ಕಿಟಕಿಯಿಂದ ನಮಗೆಲ್ಲ ಕಾಣುತ್ತಿತ್ತು. ಪ್ಯಾಕಿ ಬರಿತಲೆಯಲ್ಲಿ ಉಲ್ತಾನನ ಗಾಡಿಯ ಪಕ್ಕ ನಿಂತು ಏನೋ ಹೇಳುತ್ತಿದ್ದ. ಉಲ್ತಾನ್ ತಲೆ ತಗ್ಗಿಸಿ ಕೇಳುತ್ತಿದ್ದ. ಶನಿವಾರದ ಪಟ್ಟಿಯಲ್ಲಿ ಅವನ ಹೆಸರು ಉಳಿಯಿತು. ಅದನ್ನು ಎದ್ದು ನಿಂತು ಹೇಳಿದವನು ಪ್ಯಾಕಿಯೇ.

ಮಾರ್ಚಿನ ಮೊದಲ ಭಾನುವಾರ ಉಲ್ತಾನನ ಕಾರು ಪಂದ್ಯಕ್ಕೆ ಹೊರಟಿತು. ಒಳಗೆ ಟಾರ್ಲಾಕ್ ಇದ್ದ, ಉಳಿದಿಬ್ಬರಿದ್ದರು, ನಾಲ್ಕನೆಯವನಾಗಿ ಹೊಸಬನೊಬ್ಬ ಇದ್ದ. ಫೆಲಿಮ್ ಬೇಲಿಯ ಹತ್ತಿರ ನಿಂತಿದ್ದ. ಈ ಸಲ ಕೊಟ್ಟಿಗೆಯೊಳಗೆ ನುಸುಳಲಿಲ್ಲ. ಹಿಂದಿನ ಕಿಟಕಿಯಲ್ಲಿ ಇಸ್ತ್ರಿ ಮಾಡಿದ ನಾಲ್ಕು ಬಿಳಿ ಕೋಟುಗಳು ತೂಗುತ್ತಿದ್ದವು. ಉಲ್ತಾನ್ ವೇಗ ತಗ್ಗಿಸಿ ಒಂದು ಬೆರಳನ್ನು ಸ್ಟೀರಿಂಗಿನಿಂದ ಎತ್ತಿದ. ರಸ್ತೆಯಲ್ಲಿ ಕಂಡವರಿಗೆಲ್ಲ ನಮ್ಮ ಕಡೆ ಎತ್ತುವ ಬೆರಳು ಅದು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಫೆಲಿಮ್ ತನ್ನ ಬೆರಳನ್ನೂ ಎತ್ತಿ, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಇಳಿಸದೆ ನಿಂತ.