ಬೆಡಗು ಹುಡುಕಿಕೊಂಡು ಜಗಳೂರಿಗೆ

ನಮ್ಮ ಮನೆಯಲ್ಲೀಗ ಮೂರು ಹೊತ್ತೂ ಜೀರಿಗೆಯ ಘಮ. ಸೊಸೆ ಬಾಣಂತಿ. ವಾಡಿಕೆಯಂತೆ ತವರಿಗೆ ಹೋಗಬೇಕಿತ್ತು, ಅವರವ್ವನಿಗೆ ಮಂಡಿನೋವು ಜಾಸ್ತಿಯಾಗಿ ಹೊನ್ನಾಳಿಯ ನಮ್ಮ ಮನೆಯಲ್ಲೇ ಉಳಿದಳು. ಬೀಗಿತ್ತಿಯ ಮಂಡಿನೋವಿಗೆ ಖುಷಿಪಡುವುದು ತಪ್ಪು, ಆದರೆ ಏನು ಮಾಡಲಿ, ಮೊಮ್ಮಗಳು ಕಣ್ಣೆದುರಿಗೇ ಇದ್ದಾಳಲ್ಲ. ಅವಳು ಹುಟ್ಟಿದ ಸುದ್ದಿಯನ್ನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಯಾಯಿತು. ಮುಖಪರಿಚಯವೂ ಇಲ್ಲದ ಬಸ್ ಕಂಡಕ್ಟರಿಗೆ ಹೇಳಿದೆ. ಆತ, "ಒಳ್ಳೇದಾತು ಯಜಮಾನ್ರೇ, ಒಳಗೆ ಸರೀರಿ" ಅಂದ. ಅಷ್ಟಕ್ಕೇ ನನಗೆ ಅವನು ನೆಂಟನಂತೆ ಕಂಡ.

ಹೆಂಡತಿ ಹಾಲಮ್ಮ ಜೀರಿಗೆ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕಷಾಯ ಕಾಯಿಸುತ್ತಾಳೆ. ಆ ಘಮ ಪಡಸಾಲೆಗೆ ಬಂದಾಗಲೆಲ್ಲ ನನಗೆ ಈಗಲೂ ಒಂದು ಕ್ಷಣ ಮನಸ್ಸು ಅಳುಕುತ್ತದೆ. ಯಾಕೆಂದರೆ, ಮದುವೆಯಾಗುವ ತನಕ ನಾನು ಜೀರಿಗೆಯ ಒಂದು ಕಾಳನ್ನೂ ಬಾಯಿಗೆ ಹಾಕಿದವನಲ್ಲ. ನಗಬೇಡಿ. ನಾನು ನಾಲ್ಕನೇ ಕ್ಲಾಸು ಓದಿದವನು, ಬರೆಯುವುದೆಂದರೆ ಕಂಬಳಿ ನೇಯ್ದ ಹಾಗೆ ಒಂದೊಂದೇ ಎಳೆ. ಸ್ವಲ್ಪ ತಾಳ್ಮೆಯಿಂದ ಕೂತುಕೊಂಡರೆ ಪೂರ್ತಿ ಹೇಳುತ್ತೇನೆ.

ನಮ್ಮ ಜನದಲ್ಲಿ ಒಂದೇ ಬೇರಿನಿಂದ ಒಡೆದ ಮನೆಗಳಿಗೆಲ್ಲ ಒಂದು ಹೆಸರು. ಅದಕ್ಕೆ ಬೆಡಗು ಅನ್ನುತ್ತೇವೆ. ಆನೆಯೋ, ಮೀನೋ, ಮರವೋ, ಕಾಳೋ, ಯಾವುದರ ಹೆಸರಿದೆಯೋ ಅದನ್ನು ಆ ಮನೆಯವರು ಕೊಲ್ಲುವಂತಿಲ್ಲ, ಕಡಿಯುವಂತಿಲ್ಲ, ತಿನ್ನುವಂತಿಲ್ಲ. ಆನೆ ಬೆಡಗಿನವರಿಗೆ ಏನೂ ಕಷ್ಟವಿಲ್ಲ ನೋಡಿ, ಆನೆಯನ್ನು ಯಾರು ತಿನ್ನುತ್ತಾರೆ? ನಮ್ಮದು ಜೀರಿಗೆ. ಮದುವೆಮನೆಗೆ ಹೋದರೆ ಸಾರು ಮೂಸಿ ನೋಡಿ, ಬರೀ ಮಜ್ಜಿಗೆ ಅನ್ನ ಉಂಡು ಬರುತ್ತಿದ್ದೆವು. ಇನ್ನು ಒಂದೇ ಬೆಡಗಿನ ಹುಡುಗ ಹುಡುಗಿ ಎಂದರೆ ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ.

ಆಗ ನಾವಿದ್ದ ಊರು ನ್ಯಾಮತಿಯ ಪಕ್ಕ. ಮನೆಯಲ್ಲಿ ನಾವು ಮೂವರೇ: ಅಜ್ಜಿ ಚೌಡವ್ವ, ಅಪ್ಪ ಬೀರಪ್ಪ, ನಾನು. ಅಜ್ಜನೂ ಅವ್ವನೂ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡರು. ನನ್ನನ್ನು ಸಾಕಿದವಳು ಅಜ್ಜಿ. ಅಪ್ಪನನ್ನು ಸಾಕಿದವಳೂ ಅವಳೇ, ಹೆತ್ತವಳಲ್ಲ. ಜಗಳೂರು ಕಡೆಯ ಒಣ ಸೀಮೆಯಿಂದ ಕುರಿ ಹೊಡೆದುಕೊಂಡು ಬರುವವರು ಕೊಯ್ಲಾದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಿದ್ದರು. ಹಾಗೆ ಒಂದು ವರ್ಷ ಅಜ್ಜಿಯ ಹೊಲದಲ್ಲಿ ಮಂದೆ ನಿಂತಾಗ ಕುರಿಯವನ ಹೆಂಡತಿ ಜ್ವರದಲ್ಲಿ ಸತ್ತಳು. ಆತ ಆಗಷ್ಟೇ ಮಾತು ಕಲಿತಿದ್ದ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು, ಕುರಿಗಳನ್ನು ಊರು ಮುಟ್ಟಿಸಿ ಬರುತ್ತೇನೆ ಎಂದು ಹೋದವನು ತಿರುಗಿ ಬರಲಿಲ್ಲ. ಅಜ್ಜಿಗೆ ಮಕ್ಕಳಿರಲಿಲ್ಲ. ಮಗು ಅಲ್ಲೇ ಬೆಳೆಯಿತು, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಅಜ್ಜನ ಕುಣಿಮಗ್ಗದಲ್ಲಿ ಕಂಬಳಿ ನೇಯುವುದು ಕಲಿಯಿತು, ಅಜ್ಜನ ಬೆಡಗನ್ನೇ ತನ್ನದು ಎಂದುಕೊಂಡಿತು. ಅವ್ವನ ತವರು ಬೇರೆ ಬೆಡಗಾದ್ದರಿಂದ ಅಪ್ಪನ ಮದುವೆಯಲ್ಲಿ ಈ ಮಾತು ಏಳಲೇ ಇಲ್ಲ. ಇದೆಲ್ಲ ಊರಿಗೆ ಗೊತ್ತು, ನನಗೂ ಗೊತ್ತು. ಆದರೆ ಅಜ್ಜಿಯ ಮುಂದೆ ಬಾಯಿಬಿಟ್ಟು ಹೇಳಿದವರು ಒಬ್ಬರೂ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಕಂಬಳಿ ಹೊತ್ತುಕೊಂಡು ಸಂತೇಬೆನ್ನೂರಿನ ಸಂತೆಗೆ ಹೋಗುತ್ತಿದ್ದೆ. ಒಂದು ದಿನ ಒಬ್ಬ ಹುಡುಗಿ ಬಂದು ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿದಳು.

"ಚುಚ್ತೈತಲ್ರೀ ಇದು."

"ಒಂದು ಮಳೆಗಾಲ ಹೊದ್ರೆ ಮೆತ್ತಗಾಗ್ತೈತೆ."

"ಅಲ್ಲೀತಂಕ ಯಾರು ಚುಚ್ಚಿಸ್ಕಬೇಕು? ನೀವೇ ಒಂದು ವರ್ಷ ಹೊದ್ದು ಆಮೇಲೆ ತರ್ರಿ."

ಹೀಗೆಂದು ಹೋದಳು. ನಾನು ಆ ಕಂಬಳಿಯನ್ನು ಮಾರಲಿಲ್ಲ. ನಿಜವಾಗಲೂ ಹೊದೆಯಲು ಶುರುಮಾಡಿದೆ. ಬೇಸಿಗೆಯಲ್ಲಿ. ಅಜ್ಜಿ ನೋಡಿ, "ಇವನಿಗೇನು ಚಳಿಜ್ವರವಾ, ಸಂತೆಜ್ವರವಾ?" ಎಂದಳು. ಮುಂದಿನ ಸಂತೆಗಳಲ್ಲಿ ಹುಡುಗಿಯ ಹೆಸರು ಹಾಲಮ್ಮ ಎಂದೂ, ನಮ್ಮ ಜನವೇ ಎಂದೂ ತಿಳಿಯಿತು. ಅಜ್ಜಿ ಹೇಳಿಕಳಿಸಿದಳು. ಹಾಲಮ್ಮನ ಅಪ್ಪ ನಮ್ಮ ಮನೆ ನೋಡಲು ಬಂದರು.

ಬೆಲ್ಲ, ನೀರು, ಮಂಡಕ್ಕಿ ಕೊಟ್ಟೆವು. ಅವರು ಮಗ್ಗ ನೋಡಿದರು, ನನ್ನನ್ನು ನೋಡಿದರು, ತೃಪ್ತಿಯಾದಂತಿತ್ತು. ಆಮೇಲೆ ಕೇಳಲೇಬೇಕಾದ್ದನ್ನು ಕೇಳಿದರು.

"ನಿಮ್ಮ ಬೆಡಗು ಯಾವುದು ತಾಯಿ?"

"ಜೀರಿಗೆ" ಎಂದಳು ಅಜ್ಜಿ, ತಲೆಯೆತ್ತಿ.

ಅವರ ಕೈಯಲ್ಲಿದ್ದ ಮಂಡಕ್ಕಿ ತಟ್ಟೆ ನೆಲಕ್ಕೆ ಬಂತು. "ನಾವೂ ಜೀರಿಗೇನೇ. ಅಲ್ಲಿಗೆ ಮುಗೀತಲ್ಲ ತಾಯಿ, ನಮ್ಮ ಹುಡುಗಿ ಇವನಿಗೆ ತಂಗಿ ಆಗ್ತಾಳೆ." ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ಸಮಾಧಾನಕ್ಕೆಂದು, "ಸಂತೆಗೆ ಬಂದಾಗ ಮನೀಗೆ ಬಾರಪ್ಪ, ತಂಗಿ ರೊಟ್ಟಿ ಬಡಿದು ಹಾಕ್ತಾಳೆ" ಎಂದರು. ಅವರು ಹೋದ ಮೇಲೆ, ಆ ರೊಟ್ಟಿ ನಾನು ತಿನ್ನಲಾರೆ ಎಂದು ಅಜ್ಜಿಗೆ ಹೇಳಿದೆ.

ಅಜ್ಜಿ ಒಂದು ಮಾತು ಅಂದಿದ್ದರೆ ಸಾಕಿತ್ತು: ಇವನಪ್ಪ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅವಳು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಹಾಗಂದರೆ ಅಜ್ಜಿ ನನಗೆ ಏನಾಗುತ್ತಾಳೆ, ನಾನು ಅವಳಿಗೆ ಏನಾಗುತ್ತೇನೆ? ಮಗ್ಗದಲ್ಲಿ ಕೂತರೆ ಅಂಚು ಸೊಟ್ಟ ಬರುತ್ತಿತ್ತು. ಅಪ್ಪ ಅದನ್ನು ಬಿಚ್ಚಿ ಮತ್ತೆ ನೇಯುತ್ತಿದ್ದ.

ಒಂದು ಬೆಳಿಗ್ಗೆ ಅಜ್ಜಿ ರೊಟ್ಟಿ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಜಗಳೂರಿಗೆ ಹೋಗಾಣ ನಡಿ. ನಿಮ್ಮ ಬೆಡಗು ಹುಡುಕಾಣ."

ನಿಮ್ಮ ಎಂದಳು. ಹುಟ್ಟಿದಾಗಿನಿಂದ ಆ ಬಾಯಲ್ಲಿ ನಮ್ಮ ಎಂಬುದನ್ನು ಬಿಟ್ಟು ಬೇರೆ ಕೇಳಿದವನಲ್ಲ.

ಅಪ್ಪ ಮಗ್ಗದ ಕುಣಿಯಿಂದಲೇ ಹೇಳಿದ: "ನನಗ್ಯಾರೂ ಬ್ಯಾಡ. ನಮ್ಮವ್ವ ಅದಾಳೆ. ಬಿಟ್ಟೋದೋರನ್ನ ಹುಡುಕ್ಕಂಡು ಹೋಗಾದು ಏನೈತೆ?"

"ನಿನಗೆ ಬ್ಯಾಡದಿದ್ರೆ ಸುಮ್ನಿರು. ಈ ಹುಡುಗ ತಂಗಿ ಕೈಯ ರೊಟ್ಟಿ ತಿನ್ನಾಕೆ ಒಲ್ಲೆ ಅಂತಾನಲ್ಲ, ಏನು ಮಾಡ್ಲಿ?"

ಹೊನ್ನಾಳಿಗೆ ಒಂದು ಬಸ್ಸು, ದಾವಣಗೆರೆಗೆ ಇನ್ನೊಂದು, ಜಗಳೂರಿಗೆ ಮತ್ತೊಂದು. ಅಜ್ಜಿ ಬಸ್ಸು ಹತ್ತಿದ್ದೇ ಅಪರೂಪ. ತಿರುವು ಬಂದಾಗಲೆಲ್ಲ ನನ್ನ ರಟ್ಟೆ ಹಿಡಿಯುತ್ತಿದ್ದಳು. ಹೋಗುತ್ತಿದ್ದದ್ದು ಒಬ್ಬ ಹೆಳವನನ್ನು ಹುಡುಕಿಕೊಂಡು. ನೀವು ಕಂಡಿದ್ದೀರೋ ಇಲ್ಲವೋ, ಹೆಳವರು ಎತ್ತಿನ ಮೇಲೆ ಕೂತು ಗಂಟೆ ಸದ್ದು ಮಾಡುತ್ತ ಬಂದು, ಮನೆಮುಂದೆ ನಿಂತು ಆ ಮನೆಯ ತಲೆಮಾರುಗಳನ್ನೆಲ್ಲ ಹೇಳುವವರು. ಎಷ್ಟೋ ವರ್ಷಕ್ಕೊಮ್ಮೆ ಬರುತ್ತಾರೆ, ಹುಟ್ಟಿದವರನ್ನು ಕೇಳಿ ತಿಳಿದು ಸೇರಿಸಿಕೊಳ್ಳುತ್ತಾರೆ, ಕಾಳು ಬಟ್ಟೆ ಪಡೆದು ಹೋಗುತ್ತಾರೆ. ಒಂದೊಂದು ಬೆಡಗಿಗೆ, ಒಂದೊಂದು ಸೀಮೆಗೆ ಅವರವರದೇ ಹೆಳವರು. ಜಗಳೂರಿನ ಕುರಿಯವರನ್ನು ವಿಚಾರಿಸುತ್ತ ಹೋದರೆ ಊರಾಚೆ ಬೇವಿನಮರದ ಕೆಳಗೆ ಬಿಡಾರ ಹಾಕಿದ್ದ ಹೆಳವರ ಸಿದ್ದಪ್ಪ ಸಿಕ್ಕ. ಎತ್ತಿನ ಮೈ ತಿಕ್ಕುತ್ತಿದ್ದ.

"ಕೂಸಿನ ಹೆಸರು?" ಎಂದು ಕೇಳಿದ, ಅಜ್ಜಿಯ ಮಾತೆಲ್ಲ ಕೇಳಿಯಾದ ಮೇಲೆ.

"ಬೀರ ಅಂತಿತ್ತು. ನಾನು ಬದಲಾಯಿಸಿಲ್ಲ."

"ಬೀರ ಅನ್ನೋರು ಮನೀಗೊಬ್ರು ಅದಾರೆ ತಾಯಿ. ಬೇರೆ ಏನಾರ ಗುರುತು?"

ಅಜ್ಜಿ ಸೆರಗಿನ ತುದಿ ಸುತ್ತುತ್ತ ಕೂತಳು. ಆಮೇಲೆ ಹೇಳಿದಳು: "ಕೈಗೆ ಬಂದ ಮಾರನೇ ದಿನ ಸಾಮೆ ಅನ್ನ ಇಕ್ಕಿದೆ. ಕೂಸು ತಟ್ಟೆ ದೂಡ್ತು. ನಾವು ಉಣ್ಣಂಗಿಲ್ಲ, ಅವ್ವ ಹೊಡೀತಾಳೆ ಅಂತು. ಅವ್ವ ಸತ್ತದ್ದು ಅದಕ್ಕೆ ತಿಳೀದು. ಅವತ್ತಿಂದ ಸಾಮೆ ಮನೆಯೊಳಗೆ ತಂದಿಲ್ಲ."

ನಾನು ಬಾಯಿಬಿಟ್ಟುಕೊಂಡು ನೋಡಿದೆ. ಊರಿನವರೆಲ್ಲ ಸಾಮೆ ಅನ್ನ ಉಣ್ಣುವಾಗ ನಮ್ಮ ಮನೆಯಲ್ಲಿ ಯಾಕಿಲ್ಲ ಎಂದು ಕೇಳಿದರೆ, "ನನಗೆ ಸೇರಲ್ಲ" ಎಂದೇ ಹೇಳುತ್ತ ಬಂದವಳು ಅವಳು. ಗಂಡನ ಮನೆಯ ಜೀರಿಗೆ, ಕೈಗೆ ಬಂದ ಮಗುವಿನ ಸಾಮೆ, ಎರಡನ್ನೂ ಒಲೆಯಿಂದ ದೂರವಿಟ್ಟು ಅಷ್ಟು ವರ್ಷ ಅಡುಗೆ ಮಾಡಿದ್ದಳು. ಅಪ್ಪನಿಗೇ ಅದು ಗೊತ್ತಿರಲಿಲ್ಲ.

ಸಿದ್ದಪ್ಪ ಎತ್ತನ್ನು ಬಿಟ್ಟು ಕೈ ಒರೆಸಿಕೊಂಡ. ಕಣ್ಣು ಮುಚ್ಚಿ ರಾಗವಾಗಿ ಹೇಳುತ್ತ ಹೋದ. ಸಾಮೆ ಬೆಡಗು. ಮೂಲದವನು ಕೆಂಚಪ್ಪ. ಕೆಂಚಪ್ಪನ ಮಗ ಕರಿಯಪ್ಪ. ಕರಿಯಪ್ಪನಿಗೆ ಇಬ್ಬರು, ಹಿರಿಯವ ಸಿದ್ದ, ಕಿರಿಯವ ಮೈಲಪ್ಪ. "ಮೈಲಪ್ಪ ಕುರಿ ಹೊಡಕಂಡು ಪಡುವಲಕ್ಕೆ ಹೋದ. ಹೆಂಡ್ತಿ ಅಲ್ಲೇ ಮಣ್ಣಾದ್ಲು. ಕುರಿ ಊರಿಗೆ ಮುಟ್ಟಿಸಿ ಕೂಸು ತರಾಕೆ ಅಂತ ತಿರುಗಿ ಹೊಂಟ. ಅದೇ ಜ್ವರ ಬಂದು ದಾರೀಲಿ ಹೋದ. ಕೂಸು ಬೀರ. ಅಲ್ಲಿಗೆ ಬಳ್ಳಿ ನಿಂತೈತೆ."

"ನಿಂತಿಲ್ಲ ಸ್ವಾಮಿ" ಎಂದಳು ಅಜ್ಜಿ. "ನಮ್ಮ ಮನೆ ಮ್ಯಾಲೆ ಹಬ್ಬೈತೆ. ಇಗಾ, ಇವನೇ ಅದರ ಕುಡಿ."

ಸಿದ್ದಪ್ಪ ನನ್ನನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಿದ. "ಯೋಚ್ನೆ ಮಾಡ್ರಿ ತಾಯಿ. ಇವರು ಇಲ್ಲಿ ಸೇರಿದ್ರೆ ನಿಮ್ಮ ಯಜಮಾನ್ರ ಬಳ್ಳಿ ಖಾಲಿ ಆಗ್ತೈತೆ. ನಿಮ್ಮ ಹೆಳವರು ಬಂದು ಹೇಳುವಾಗ ಅವರ ಹೆಸರಿಗೆ ನಿಲ್ಲಿಸ್ತಾರೆ, ಮಕ್ಕಳಿಲ್ಲ ಅಂತಾರೆ. ಕೇಳಾಕಾಗ್ತೈತಾ?"

ಅಜ್ಜಿ ಬೇವಿನಮರದ ಕಡೆ ನೋಡುತ್ತ ಇದ್ದಳು. ನಾನು "ಬ್ಯಾಡ ಬಿಡಜ್ಜಿ, ಹೋಗಾಣ" ಎಂದೆ. ಮನಸಾರೆಯೇ ಅಂದೆ.

"ಸುಮ್ಕಿರಲೇ. ಸೇರ್ಸ್ರಿ ಸ್ವಾಮಿ. ಅವರಿದ್ದಿದ್ರೂ ಇದನ್ನೇ ಅಂತಿದ್ರು."

ಸಿದ್ದಪ್ಪ ಮತ್ತೆ ಮೊದಲಿನಿಂದ ಹೇಳಿದ. ಬೀರನ ಮಗ ಎಂದು ನನ್ನ ಹೆಸರು ಬಂದಾಗ ಅಜ್ಜಿ ಕೈಮುಗಿದಳು. ಬಸ್ಸಿನಲ್ಲಿ ತಿರುವು ಬಂದಾಗ ನನ್ನ ರಟ್ಟೆ ಹಿಡಿಯಲಿಲ್ಲ, ಮುಂದಿನ ಸೀಟಿನ ಕಂಬಿ ಹಿಡಿದಳು. ನಾನೇ ಅವಳ ಕೈ ಬಿಡಿಸಿ ನನ್ನ ರಟ್ಟೆಯ ಮೇಲಿಟ್ಟುಕೊಂಡೆ. "ಬೆಡಗು ಬದಲಾದ್ರೆ ರಟ್ಟೆನೂ ಬದಲಾಗ್ತೈತಾ?" ಎಂದೆ. ಆಗ ನಕ್ಕಳು.

ಮನೆಗೆ ಬಂದವಳು ನೇರ ಮಗ್ಗದ ಹತ್ತಿರ ಹೋದಳು. "ಬಿಟ್ಟೋಗಿರಲಿಲ್ವಂತೆ ಕಣೋ. ನಿನ್ನ ಕರ್ಕಂಡು ಹೋಗಾಕೆ ಬರ್ತಿದ್ದನಂತೆ ನಿಮ್ಮಪ್ಪ. ದಾರೀಲಿ ಜೀವ ಹೋತಂತೆ." ಅಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದು ಕೂತ. ಆಮೇಲೆ ಅದನ್ನು ಕೆಳಗಿಟ್ಟು, "ಉಂಡ್ಯಾ ಅವ್ವಾ?" ಎಂದು ಕೇಳಿದ.

ಹಾಲಮ್ಮನ ಅಪ್ಪನಿಗೆ ಸುದ್ದಿ ಮುಟ್ಟಿಸಿದೆವು, ಒಪ್ಪಿದರು. ಮುಂಗಾರಿಗೆ ಮುಂಚೆ ಹಾಲಮ್ಮ ಮದುವೆಯಾಗಿ ನಮ್ಮ ಮನೆಗೆ ಬಂದಳು. ನಮಗೆ ಜೀರಿಗೆ ಬಿಡುಗಡೆಯಾಯಿತು. ಗಂಡನ ಮನೆಗೆ ಬಂದ ಮೇಲೆ ಅವಳಿಗೂ ಬಿಡುಗಡೆಯೇ. ಮೊದಲ ಸಲ ಜೀರಿಗೆ ಸಾರು ಮಾಡಿದ ದಿನ ನಾನೂ ಅಪ್ಪನೂ ತಟ್ಟೆ ಮುಂದೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು, ನೀನು ಮೊದಲು ನೀನು ಮೊದಲು ಎಂದು. ಅಜ್ಜಿ ಮಾತ್ರ ಮುಟ್ಟಲಿಲ್ಲ. ಅವಳು ಒಬ್ಬಳೇ ಜೀರಿಗೆಯಾಗಿ ಉಳಿದಳು.

ಎಂಬತ್ತರ ದಶಕ ಶುರುವಾದ ಮೇಲೆ ಒಂದು ದಿನ ಅಜ್ಜನ ಬೆಡಗಿನ ಹೆಳವ ನಮ್ಮ ಊರಿಗೆ ಬಂದ. ನಾವು ಹೆದರಿಕೊಂಡಿದ್ದ ದಿನ ಅದು. ಅಜ್ಜಿ ಮುಚ್ಚಿಡುವವಳಲ್ಲ, ಜಗಳೂರಿನ ಸಂಗತಿಯನ್ನೆಲ್ಲ ತಾನೇ ಹೇಳಿ, ಕಂಬಕ್ಕೊರಗಿ ಕೂತಳು. ಹೆಳವ ಎತ್ತಿನ ಮೇಲಿಂದ ಹೇಳುತ್ತ ಬಂದ. ಅಜ್ಜನ ಹೆಸರು ಬಂತು. ಅವನು ಉಸಿರೆಳೆದುಕೊಂಡ.

ಆಗ ಹಾಲಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ನಿಲ್ಲಿಸಬ್ಯಾಡ್ರಿ. ಮಗಳದಾಳೆ ಅನ್ರಿ."

"ಯಾರಮ್ಮ ಮಗಳು?"

"ನಾನು. ಹುಟ್ಟಿದ್ದು ಜೀರಿಗೆ ಬೆಡಗಲ್ಲೇ. ಇದೇ ಬೆಡಗಿನ ಮಗಳು ಈ ಮನೀಗೆ ಮಗಳಾಗಾಕೆ ಏನಡ್ಡಿ?"

"ನೀನು ನಿಮ್ಮಪ್ಪನ ಬಳ್ಳೀಲಿ ಇದ್ದೀಯಲ್ಲಮ್ಮ. ಸುಳ್ಳು ಹೇಳಾಕೆ ಬರಲ್ಲ ನಮಗೆ."

"ಅಲ್ಲೂ ಇರ್ತೀನಿ, ಇಲ್ಲೂ ಇರ್ತೀನಿ. ಹೆಣ್ಣುಮಕ್ಕಳು ಎರಡು ಕಡೆ ಇರಾದು ಹೊಸದಾ ನಿಮಗೆ?"

ಹೆಳವ ಗಡ್ಡ ಕೆರೆದುಕೊಂಡ. ಎತ್ತಿನಿಂದ ಇಳಿದ; ಅವನು ಇಳಿದದ್ದನ್ನು ಊರು ನೋಡಿದ್ದೇ ಇಲ್ಲ. "ಹಂಗಾರೆ ಅಜ್ಜಿ ನನ್ನೆದುರಿಗೆ ಮಗಳು ಅಂತ ಉಡಿ ತುಂಬ್ಲಿ. ಕಂಡದ್ದನ್ನ ಹೇಳಬಹುದು."

ಅಪ್ಪ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿದ. ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು ಹಾಲಮ್ಮನ ಸೆರಗಿಗೆ ಹಾಕುವಾಗ ಅರ್ಧ ನೆಲಕ್ಕೆ ಚೆಲ್ಲಿತು. ಹೆಳವ ಮತ್ತೆ ಎತ್ತು ಹತ್ತಿ ಅಜ್ಜನ ಹೆಸರು ಹೇಳಿದ. ನಿಲ್ಲಿಸದೆ ಮುಂದುವರಿದ: ಹೆಂಡತಿ ಚೌಡವ್ವ, ಮಗಳು ಹಾಲಮ್ಮ, ಸಾಮೆ ಬೆಡಗಿನ ಬೀರಪ್ಪನ ಮಗನಿಗೆ ಕೊಟ್ಟದ್ದು. ನನ್ನ ಹೆಂಡತಿಯ ಬಾಯಿಗೆ ನಾನು ಜೀವನದಲ್ಲಿ ಬಹಳ ಸಲ ಸೋತಿದ್ದೇನೆ. ಅವತ್ತಿನಷ್ಟು ಸಂತೋಷದಿಂದ ಎಂದೂ ಸೋತಿಲ್ಲ. ಅಜ್ಜಿ ಅದಾಗಿ ಒಂದೆರಡು ವರ್ಷ ಬದುಕಿದಳು. ಬಂದವರಿಗೆಲ್ಲ ಹಾಲಮ್ಮನನ್ನು ತೋರಿಸಿ, "ನಮ್ಮ ಹುಡುಗಿ, ಅವನು ನಮ್ಮ ಅಳಿಯ" ಎಂದು ನನ್ನ ಕಡೆಗೂ ಕೈ ತೋರಿಸಿ ನಗುತ್ತಿದ್ದಳು.

ಹೆಳವರು ಈಚೆಗೆ ಬರುವುದು ಕಡಿಮೆ. ಹಾಗಂತ ಸುಮ್ಮನಿರಲಾಗುತ್ತದೆಯೇ? ಎಣ್ಣೆ ನೀರು ಮುಗಿಸಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿದಾಗ ನಾನೇ ಹೆಳವನಾಗುತ್ತೇನೆ. ಕೆಂಚಪ್ಪನಿಂದ ಶುರು. ರಾಗ ನನಗೆ ಬರುವುದಿಲ್ಲ, ಹೆಸರುಗಳು ಬರುತ್ತವೆ. ಸಾಮೆಯ ಬಳ್ಳಿ ಮುಗಿದ ಮೇಲೆ ಜೀರಿಗೆಯದನ್ನೂ ಹೇಳಬೇಕು. ನನ್ನ ಮೊಮ್ಮಗಳಿಗೆ ಎರಡೂ ಸೇರಬೇಕಾದ್ದೇ. ಇವತ್ತು ಬೆಳಿಗ್ಗೆ ಅರ್ಧಕ್ಕೆ ಬಂದಿದ್ದೆ, ಸೊಸೆ ಬಾಗಿಲಲ್ಲಿ ಇಣುಕಿದಳು.

"ಮಾವ, ಕೂಸು ಆಗಲೇ ಮಲಗೈತೆ. ತೊಟ್ಟಿಲಿಗೆ ಹಾಕ್ತೀನಿ ಕೊಡ್ರಿ."

"ತಡಿಯವ್ವ" ಎಂದೆ. "ಚೌಡವ್ವ ಇನ್ನೂ ಬಂದಿಲ್ಲ."