ಖಾದರ್ ಮಾಸ್ತರರ ಹಗ್ಗದ ಪಾಠ

ಕೆಲವು ತಿಂಗಳ ಹಿಂದೆ ಪಕ್ಕದ ಮನೆಯವರು ಟೀವಿ ತಂದರು. ಮಕ್ತಲ್‌ನ ನಮ್ಮ ಓಣಿಗೆ ಅದೇ ಮೊದಲನೆಯದು, ಹಾಗಾಗಿ ಓಣಿಯೇ ಅವರ ಪಡಸಾಲೆಯಲ್ಲಿತ್ತು. ಪರದೆಯ ಮೇಲೆ ಹಾಡುತ್ತಿದ್ದ ಹೆಣ್ಣುಮಗಳು ಮಾತ್ರ ನಿಂತಲ್ಲಿ ನಿಲ್ಲದೆ ಕೆಳಗಿನಿಂದ ಮೇಲಕ್ಕೆ ಉರುಳುತ್ತಲೇ ಇದ್ದಳು. ಒಬ್ಬರು ಆಂಟೆನಾ ತಿರುಗಿಸಲು ಮಾಳಿಗೆ ಹತ್ತಿದರು, ಇನ್ನೊಬ್ಬರು ಪೆಟ್ಟಿಗೆಗೆ ಎರಡು ಏಟು ಕೊಟ್ಟರು. ನಾನು ಎದ್ದು, ಹಿಂಬದಿಗೆ ಕೈ ಹಾಕಿ, ಒಂದು ಗುಂಡಿಯನ್ನು ಕೊಂಚ ತಿರುಗಿಸಿದೆ. ಹಾಡುವವಳು ತಟ್ಟನೆ ನಿಂತಳು.

“ಮಾಸ್ತರ್ರ, ನಿಮಗ ಇದೆಲ್ಲಾ ಹ್ಯಾಂಗ ಬರ್ತೈತ್ರಿ?” ಎಂದರು ಮನೆಯವರು.

ನಾನು ಬಲ್ಲವನಂತೆ ಮುಗುಳ್ನಕ್ಕು ಕೂತೆ. ನನಗೆ ನನ್ನ ಮನೆಯ ಗಡಿಯಾರಕ್ಕೆ ಕೀಲಿ ಕೊಡಲೂ ಸರಿಯಾಗಿ ಬರುವುದಿಲ್ಲ ಎಂಬುದು ನನ್ನ ಹೆಂಡತಿಗೆ ಮಾತ್ರ ಗೊತ್ತು. ಆ ಒಂದು ಗುಂಡಿಯ ವಿದ್ಯೆ ನಾರಾಯಣಪೇಟೆಯ ಖಾದರ್ ಮಾಸ್ತರರಿಂದ ಬಂದದ್ದು. ಅವರ ವಿಷಯ ನಿಮಗೆ ಹೇಳಬೇಕು.

ಖಾದರ್ ಮಾಸ್ತರರು ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಆಗ ನಿಜಾಮರ ಕಾಲ, ಪಾಠವೆಲ್ಲ ಉರ್ದುವಿನಲ್ಲಿ. ನಾನು ಕಲಬುರ್ಗಿಗೆ ಹೋಗಿ ಮುಂದಿನ ಓದು ಮುಗಿಸಿ ಬರುವಷ್ಟರಲ್ಲಿ ಪೊಲೀಸ್ ಆಕ್ಷನ್ ಆಗಿ, ಸರ್ಕಾರ ಬದಲಾಗಿತ್ತು. ಮಕ್ಕಳಿಗೆ ಅವರವರ ಮಾತಿನಲ್ಲಿಯೇ ಪಾಠ ಆಗಬೇಕು ಎಂಬ ಹುಕುಂ ಬಂತು. ಕನ್ನಡದಲ್ಲಿ ಕಲಿಸಬಲ್ಲವರು ಬೇಕೆಂದು ಅದೇ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅಂದರೆ ನನ್ನ ಗುರುಗಳ ಪಕ್ಕದ ಕುರ್ಚಿಯಲ್ಲಿ ನಾನು. ಅವರು ಒಳಗೆ ಬಂದಾಗಲೆಲ್ಲ ಎದ್ದು ನಿಂತು, ಎದ್ದು ನಿಂತು, ಮೊದಲ ವಾರದಲ್ಲಿ ನನ್ನ ಮೊಣಕಾಲುಗಳು ನೋಯಲು ಹತ್ತಿದವು.

ಹಳೆಯ ಮಾಸ್ತರರು ಶಾಲಾ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಒಂದು ಪಾಠವನ್ನು ಕನ್ನಡದಲ್ಲಿ ಮಾಡಿ ತೋರಿಸಬೇಕಿತ್ತು. ಆಗದಿದ್ದವರಿಗೆ ಮನೆ ದಾರಿ. ಖಾದರ್ ಮಾಸ್ತರರು ತೋರಿಸುವ ಮೊದಲೇ ಸೋತಿದ್ದರು.

“ನಂದು ಬಜಾರದ ಕನ್ನಡ ಬೇಟಾ,” ಎಂದರು ಒಂದು ದಿನ. “ಅದ್ರಾಗ ಜ್ವಾಳ ಕೊಳ್ಳಾಕ ಬರ್ತೈತಿ, ಜಗಳಾ ಮಾಡಾಕ ಬರ್ತೈತಿ. ವಿಜ್ಞಾನ ಹೇಳಾಕ ಹ್ಯಾಂಗ ಬರಬೇಕು? ಹೈದರಾಬಾದಿನಾಗ ತಮ್ಮ ಅದಾನ. ಅಲ್ಲಿ ಹೋಗಿಬಿಡ್ತೀನಿ.”

ಅವರು ಹೋದರೆ ಅವರ ಜಾಗ ನನಗೇ ಬರುತ್ತಿತ್ತು. ಶಾಲೆಯಲ್ಲಿ ಎಲ್ಲರಿಗೂ ಅದು ಗೊತ್ತಿತ್ತು, ಅವರಿಗೂ. ಆದ್ದರಿಂದ ನಾನು ‘ಹೋಗಬೇಡಿ’ ಎಂದರೆ ಸೋಗಿನಂತೆ ಕೇಳುತ್ತಿತ್ತು, ಸುಮ್ಮನಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಹೆಡ್‌ಮಾಸ್ತರರು ಗದ್ವಾಲಿನ ಗುಜರಿ ಅಂಗಡಿಯಿಂದ ಒಂದು ಕಬ್ಬಿಣದ ಪೆಟ್ಟಿಗೆ ಹೊರಿಸಿಕೊಂಡು ಬಂದರು. ಮಿಲಿಟರಿಯವರು ಮಾರಿಬಿಟ್ಟ ಮಾಲು. ಮುಂದೆ ಬಟ್ಟಲಗಲದ ದುಂಡು ಗಾಜು, ಸುತ್ತ ಗುಂಡಿಗಳು. ಆಸಿಲೋಸ್ಕೋಪು! ಕರೆಂಟಿನ ಏರಿಳಿತವನ್ನು ಬೆಳಕಿನ ಗೆರೆಯಾಗಿ ತೋರಿಸುವ ಯಂತ್ರ. ಪುಸ್ತಕದಲ್ಲಿ ಚಿತ್ರ ನೋಡಿದ್ದ ನಾವಿಬ್ಬರೂ ಅದರ ಮುಂದೆ ಮದುವೆ ಗಂಡಿನ ಮುಂದೆ ನಿಂತ ಬೀಗರಂತೆ ನಿಂತೆವು.

ಶಾಲೆಯಲ್ಲಿ ಕರೆಂಟಿರಲಿಲ್ಲ. ಊರಾಚೆಯ ಎಣ್ಣೆ ಮಿಲ್ಲಿನವರು ತಮ್ಮ ಎಂಜಿನ್ನಿನಿಂದಲೇ ಕರೆಂಟು ಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆಯನ್ನು ಬಂಡಿಯಲ್ಲಿಟ್ಟುಕೊಂಡು ಅಲ್ಲಿಗೆ ಹೋದೆವು. ಮಿಲ್ಲಿನ ಕರೆಂಟು ಕೊಟ್ಟು, ಪೆಟ್ಟಿಗೆ ಬೆಚ್ಚಗಾದ ಮೇಲೆ ಗಾಜಿನಲ್ಲಿ ಹಸಿರು ಗೆರೆ ಮೂಡಿತು. ಮಾಸ್ತರರು “ಸುಭಾನಲ್ಲಾ!” ಎಂದರು. ಆದರೆ ಅಲೆ ನಿಲ್ಲಲೊಲ್ಲದು. ಎಡಕ್ಕೆ ಓಡುವುದು, ಬಲಕ್ಕೆ ಓಡುವುದು, ಒಂದರ ಮೇಲೊಂದು ಬಿದ್ದು ಸಿಕ್ಕುಬಿದ್ದ ನೂಲಿನಂತಾಗುವುದು.

‘ಟೈಮ್ ಬೇಸ್’ ಎಂದು ಬರೆದ ಗುಂಡಿಯನ್ನು ನಾನು ತಿರುಗಿಸಿದೆ. ಅದು ಬೆಳಕಿನ ಚುಕ್ಕಿ ಗಾಜಿನ ಮೇಲೆ ಎಡದಿಂದ ಬಲಕ್ಕೆ ಎಷ್ಟು ಬೇಗ ಓಡಬೇಕೆಂದು ಹೇಳುವ ಗುಂಡಿ. ಬೇಗ ಓಡಿಸಿದರೆ ಒಂದೇ ಅಲೆ ಅಗಲವಾಗಿ ಕಾಣುತ್ತದೆ, ನಿಧಾನ ಮಾಡಿದರೆ ಹಲವಾರು ಅಲೆಗಳು ಒತ್ತೊತ್ತಾಗಿ ಕಾಣುತ್ತವೆ. ಹದ ಸಿಕ್ಕಿ ಅಲೆ ನಿಂತಿತು ಎನ್ನುವಷ್ಟರಲ್ಲಿ ಗಾಣಕ್ಕೆ ಶೇಂಗಾ ಸುರಿಯುತ್ತಿದ್ದರು, ಎಂಜಿನ್ನು ಏದುಸಿರು ಬಿಡುತ್ತಿತ್ತು, ಅಲೆ ಮತ್ತೆ ಹೊರಟುಬಿಡುತ್ತಿತ್ತು.

“ಬರೇ ವೇಗ ಸರಿ ಮಾಡಿದ್ರ ಆಗಂಗಿಲ್ಲ,” ಎಂದರು ಮಾಸ್ತರರು. “ಚುಕ್ಕಿ ಹೊರಡೂ ಜಾಗಾನೂ ಪ್ರತಿ ಸಲ ಒಂದೇ ಇರಬೇಕು.”

ಅದಕ್ಕೆ ಇದ್ದದ್ದು ‘ಟ್ರಿಗರ್’ ಗುಂಡಿ, ಅದರ ಜೊತೆಗೆ ಮಟ್ಟ ಗೊತ್ತುಮಾಡುವ ‘ಲೆವೆಲ್’ ಗುಂಡಿ. ಅಲೆ ಇಷ್ಟು ಎತ್ತರಕ್ಕೆ ಬಂದಾಗಲೇ ಹೊರಡು ಎಂದು ಅವು ಚುಕ್ಕಿಗೆ ಹೇಳುತ್ತವೆ. ಮಾಸ್ತರರು ಮೆಲ್ಲಗೆ ತಿರುಗಿಸಿದರು. ಅಲೆ ನಿಂತಿತು. ಶೇಂಗಾ ಸುರಿದರು, ಅಲೆ ತುಸು ಅಗಲವಾಯಿತು, ಆದರೆ ನಿಂತೇ ಇತ್ತು. ನಾವು ಇಬ್ಬರೂ ಮಕ್ಕಳಂತೆ ನಕ್ಕೆವು.

“ಇದನ್ನೇ ಪಾಠ ಮಾಡ್ರಿ ಮಾಸ್ತರ್ರ,” ಎಂದೆ.

“ಯಾವ ಮಾತಿನಾಗ?”

ನಾನು ಒಂದು ವಾರ ನಿಘಂಟಿಗೆ ಜೋತುಬಿದ್ದು ‘ಕಾಲಾಧಾರ’, ‘ಪ್ರಚೋದಕ’ ಎಂಬ ಪದಗಳನ್ನು ಹೊತ್ತು ತಂದೆ. ಮಾಸ್ತರರು ಅವನ್ನು ಎರಡು ಸಲ ಉಚ್ಚರಿಸಿ, “ಹಲ್ಲು ಉದುರ್ತಾವ ಬೇಟಾ,” ಎಂದರು. ಕೊನೆಗೆ ನಾನು, ಟ್ರಿಗರ್ ಎಂದರೆ ಬಂದೂಕಿನಲ್ಲಿ ಬೆರಳಿಟ್ಟು ಎಳೆಯುವ ಘೋಡಾ ಎಂದುಬಿಡಿ, ಹುಡುಗರಿಗೆ ಥಟ್ಟನೆ ತಿಳಿಯುತ್ತದೆ ಎಂದೆ.

ಮಾಸ್ತರರ ಮುಖ ಸಣ್ಣದಾಯಿತು.

“ಬಂದೂಕಿನ ಮಾತು ಬ್ಯಾಡ,” ಎಂದರು. “ಆ ಹುಡುಗರ ಮನಿಯಾಗ, ನನ್ನ ಮನಿಯಾಗ, ಎಲ್ಲಾರ ಮನಿಯಾಗೂ ಈಗಷ್ಟೇ ಆ ಸಪ್ಪಳಾ ನಿಂತೈತಿ. ಅವರು ನನ್ನ ಬಾಯಿಂದ ಅದನ್ನ ಕೇಳಬಾರ್ದು.”

ನಾನು ನಿಘಂಟನ್ನು ಮುಚ್ಚಿ ಬದಿಗಿಟ್ಟೆ.

ಪಾಠದ ದಿನ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಧಾರವಾಡದ ಕಡೆ ಓದಿದವರು. ಅವರ ಕನ್ನಡ ಇಸ್ತ್ರಿ ಮಾಡಿದಂತಿರುತ್ತಿತ್ತು. ಮಿಲ್ಲಿನ ಅಂಗಳದಲ್ಲಿ ಮಕ್ಕಳು ಕೂತರು. ಖಾದರ್ ಮಾಸ್ತರರು ಶೇರ್ವಾನಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೈಯಲ್ಲಿ ಬಾವಿಯ ಹಗ್ಗ ಹಿಡಿದು ಬಂದರು. ಹಗ್ಗದ ವಿಷಯ ಅವರು ನನಗೂ ಹೇಳಿರಲಿಲ್ಲ.

ಇಬ್ಬರು ಹುಡುಗರಿಗೆ ಹಗ್ಗದ ಎರಡು ತುದಿ ಕೊಟ್ಟು ಬೀಸಲು ಹೇಳಿದರು. ಮೂರನೆಯವನನ್ನು ಕರೆದು, “ಒಳಗ ಹೋಗು, ಜಿಗಿ,” ಎಂದರು. ಅವನು ಕಣ್ಣುಮುಚ್ಚಿ ನುಗ್ಗಿದ. ಹಗ್ಗ ಕಾಲಿಗೆ ಸುತ್ತಿ ಬಿದ್ದ. ಎಲ್ಲರೂ ನಕ್ಕರು.

“ಯಾಕ ಬಿದ್ದಿ?”

“ಯಾವಾಗರ ನುಗ್ಗಿದ್ರ ಹ್ಯಾಂಗ್ರೀ? ಹಗ್ಗ ನೆಲಾ ಮುಟ್ಟಿದಾಗ ಹೋಗಬೇಕ್ರೀ,” ಎಂದ ಅವನು ಮಣ್ಣು ಕೊಡವುತ್ತ.

“ಶಾಬಾಶ್. ಹಂಗಾದ್ರ ಕಾದು ಹೋಗು.”

ಈ ಸಲ ಅವನು ಕಾದು ಹೋದ, ಜಿಗಿದ. ಮಾಸ್ತರರು ಪೆಟ್ಟಿಗೆಯ ಕಡೆ ತಿರುಗಿದರು. “ಈ ಹಸುರು ಚುಕ್ಕಿ ಐತೆಲ್ಲ, ಇದೂ ನಿಮ್ಹಂಗ ಆಡೂ ಕೂಸು. ಯಾವಾಗರ ನುಗ್ಗಿದ್ರ ಗದ್ದಲ ಆಗತೈತಿ. ಅಲಿ ಒಂದ ಎತ್ತರಕ್ಕ ಬರೂತನಾ ಕಾಯಿ ಅಂತ ಈ ಗುಂಡಿ ಹೇಳತೈತಿ.” ತಿರುಗಿಸಿದರು. ಅಲೆ ನಿಂತಿತು. ಮಕ್ಕಳು ‘ಓ’ ಎಂದವು.

ಇನ್ಸ್‌ಪೆಕ್ಟರರು ಗಂಭೀರವಾಗಿ ಹತ್ತಿರ ಬಂದು, “ನಾನೊಮ್ಮೆ ನೋಡಬಹುದೇ?” ಎನ್ನುತ್ತ ಲೆವೆಲ್ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ಗಾಜು ಕತ್ತಲಾಯಿತು. ಅವರು ಹೆದರಿ ಕೈ ಹಿಂದೆಳೆದುಕೊಂಡರು.

“ಯಂತ್ರ ಕೆಟ್ಟಿತೇ?”

ಮಾಸ್ತರರು ಮಕ್ಕಳ ಕಡೆ ನೋಡಿದರು. ಹಿಂದಿನ ಸಾಲಿನಿಂದ ಒಂದು ದನಿ ಬಂತು: “ಕೆಟ್ಟಿಲ್ರೀ ಸಾಹೇಬ್ರ! ನೀವು ಭಾಳ ಎತ್ತರ ಇಟ್ರಿ. ಅಲಿ ಅಲ್ಲಿತನಾ ಬರಂಗಿಲ್ಲ. ಚುಕ್ಕಿ ಕಾಯ್ಕೋಂತ ಕುಂತೈತ್ರಿ!”

ಸಾಹೇಬರು ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು. ಅಲೆ ಬಂದು ನಿಂತಿತು. ಅವರು ಅದನ್ನು ನೋಡುತ್ತ ನಿಂತು, ಆಮೇಲೆ ಜೋರಾಗಿ ನಕ್ಕರು. “ನಿಮ್ಮ ಕನ್ನಡ ನನಗೂ ತಿಳಿಯಿತು, ಮಾಸ್ತರರೇ. ಪುಸ್ತಕದ ಪದಗಳನ್ನು ಮೆಲ್ಲಗೆ ಸೇರಿಸಿಕೊಳ್ಳಿ. ಅವಸರವಿಲ್ಲ.”

ಆ ಸಂಜೆ ನಾನು ಮಾಸ್ತರರ ಮನೆಗೆ ಹೋದೆ. ಅವರ ಬೇಗಂ ಹೈದರಾಬಾದಿಗೆಂದು ಕಟ್ಟಿದ್ದ ಟ್ರಂಕು ಬಿಚ್ಚುತ್ತಿದ್ದರು. “ಬೈಠೋ ಬೇಟಾ,” ಎಂದು, ಹಳೆಯ ಸೀರೆಯಲ್ಲಿ ಸುತ್ತಿಟ್ಟ ಚೀನಿ ಬಟ್ಟಲುಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಗೂಡಿನಲ್ಲಿ ಜೋಡಿಸಿದ್ದು ನಾನು. ಒಂದೂ ಒಡೆಯಲಿಲ್ಲ, ನನ್ನ ಮಟ್ಟಿಗೆ ಅದೊಂದು ದಾಖಲೆ. ಮುಂದಿನ ವರ್ಷ ನನಗೆ ಮಕ್ತಲ್‌ಗೆ ವರ್ಗವಾಯಿತು. ಮಾಸ್ತರರು ನಾರಾಯಣಪೇಟೆಯಲ್ಲಿಯೇ ನಿವೃತ್ತಿಯವರೆಗೂ ಕಲಿಸಿದರು.

ಇದನ್ನೆಲ್ಲ ಅವತ್ತು ಪಡಸಾಲೆಯಲ್ಲಿ ಕೂತೇ ನೆನೆದೆ. ಟೀವಿಯ ಆ ಗುಂಡಿಯೂ ಮಾಡುವುದು ಅದೇ ಕೆಲಸ, ಪ್ರತಿ ಸಲ ಚಿತ್ರ ಒಂದೇ ಜಾಗದಿಂದ ಹೊರಡುವಂತೆ ನೋಡಿಕೊಳ್ಳುವುದು. ಮಕ್ತಲ್‌ನಿಂದ ನಾರಾಯಣಪೇಟೆ ಎಷ್ಟು ದೂರ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟೂ ಇಲ್ಲ. ಆದರೂ ಮದುವೆಗೋ ಮಣ್ಣಿಗೋ ಹೋದಾಗ ನೋಡಿ ಬಂದದ್ದು ಬಿಟ್ಟರೆ, ಅವರ ಮನೆಗೆಂದೇ ನಾನು ಹೋಗಿ ವರ್ಷಗಳಾಗಿದ್ದವು.

ಮರುದಿನ ಬೆಳಿಗ್ಗೆ ಹೋದೆ. ಬಾಗಿಲು ತೆರೆದವರು ಅವರೇ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಂದವಾಗಿತ್ತು. ಹುಬ್ಬಿನ ಮೇಲೆ ಕೈಯಿಟ್ಟು ನನ್ನನ್ನು ಗುರುತು ಹಿಡಿದರು.

“ಏನು ಕೆಲಸಾ ಇತ್ತು ಬೇಟಾ?”

“ಏನಿಲ್ರೀ ಮಾಸ್ತರ್ರ. ಸುಮ್ನ ಬಂದೆ.”

“ಸುಮ್ನ ಬರಾಕ ಇಷ್ಟು ವರ್ಷ ಹಿಡೀತೇನು?” ಎಂದು ಬೈದು, ಒಳಗೆ ತಿರುಗಿ, “ಚಾ ಇಡು, ನಮ್ಮ ಹುಡುಗ ಬಂದಾನ,” ಎಂದು ಕೂಗಿದರು.

ನನಗೆ ಅರವತ್ತು ದಾಟಿದೆ. ಆದರೂ ಕುರ್ಚಿ ಕಂಡ ಕೂಡಲೇ ಕೂರಲಿಲ್ಲ. ಅವರು ಕೂರುವವರೆಗೂ ನಿಂತೇ ಇದ್ದೆ. ಈಗ ಪ್ರತಿ ಸೋಮವಾರ ಹೋಗುತ್ತೇನೆ.